ಮುಷ್ಟಿಗಿಂತ ಮೊದಲು ಹೆಜ್ಜೆ: ಹೊಸಬರಿಗೆ ಬಾಕ್ಸಿಂಗ್ ಕೈಪಿಡಿ

ಚಿಟಗುಪ್ಪ: ಬೀದರ್ ಜಿಲ್ಲೆಯ ಈ ಭಾಗಕ್ಕೆ ಮಲ್ಲರು ಹೊಸಬರಲ್ಲ. ಊರಿನ ತಾಲೀಮು, ಜಾತ್ರೆಯ ಜಂಗೀ ಕುಸ್ತಿ, ಗೆದ್ದವನ ಕೈಗೆ ಬೆಳ್ಳಿ ಕಡಗ, ಹಲಗೆಯ ಸದ್ದು ಇವೆಲ್ಲ ಇಲ್ಲಿನ ಜನಜೀವನಕ್ಕೆ ಹೊಂದಿಕೊಂಡು ಬಂದಿವೆ. ಹುಮನಾಬಾದ್ ತಾಲ್ಲೂಕಿನ ಭಾಗವಾಗಿದ್ದ ಚಿಟಗುಪ್ಪ ಈಗ ಸ್ವತಃ ತಾಲ್ಲೂಕು ಕೇಂದ್ರ. ಆದರೆ ಕುಸ್ತಿಯ ಬದಲು ಬಾಕ್ಸಿಂಗ್ ಕಲಿಯಬೇಕೆಂದು ಹೊರಡುವ ಇಂತಹ ಊರಿನ ಹುಡುಗನಿಗೋ ಹುಡುಗಿಗೋ ಮೊದಲು ಎದುರಾಗುವುದು ಎದುರಾಳಿಯಲ್ಲ, ಪ್ರಶ್ನೆಗಳು. ಎಲ್ಲಿ ಕಲಿಯಬೇಕು? ಯಾವಾಗ ರಿಂಗಿಗೆ ಇಳಿಯಬೇಕು? ತಲೆಗೆ ಪೆಟ್ಟು ಬಿದ್ದರೆ ಏನು ಮಾಡಬೇಕು? ಕೊನೆಯ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಮೊದಲ ಎರಡಕ್ಕೆ ಉತ್ತರ ಹುಡುಕುವುದು ಅಪಾಯಕರ. ಅದಕ್ಕಾಗಿಯೇ ಈ ಲೇಖನ.

ಕಲ್ಯಾಣದ ಮಲ್ಲರು, ಮೈಸೂರಿನ ಜಟ್ಟಿಗಳು

ಅಂಗಸಾಧನೆಗೆ ಕ್ರಮಬದ್ಧವಾದ ಪಾಠ ಬೇಕೆಂಬ ವಿಚಾರ ಈ ನೆಲದಲ್ಲಿ ಹಳೆಯದು. ಇಲ್ಲಿಗೆ ಸಮೀಪದ ಇಂದಿನ ಬಸವಕಲ್ಯಾಣವನ್ನು ರಾಜಧಾನಿ ಮಾಡಿಕೊಂಡಿದ್ದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ (ಆಳ್ವಿಕೆ 1126ರಿಂದ 1138) ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ' ಗ್ರಂಥದಲ್ಲಿ ಮಲ್ಲವಿನೋದವೆಂಬ ಭಾಗವಿದೆ. ಮಲ್ಲರನ್ನು ವಯಸ್ಸು, ಮೈಕಟ್ಟು ಮತ್ತು ಬಲಗಳಿಗನುಸಾರ ವರ್ಗೀಕರಿಸಿ, ಅವರ ಆಹಾರವೇನು, ವ್ಯಾಯಾಮವೇನು ಎಂಬುದನ್ನು ಅಲ್ಲಿ ವಿವರಿಸಲಾಗಿದೆ. ಸಮಬಲರನ್ನೇ ಎದುರುಬದುರು ನಿಲ್ಲಿಸಬೇಕೆಂಬ ಇಂದಿನ ಬಾಕ್ಸಿಂಗ್‌ನ ತೂಕದ ವಿಭಾಗಗಳ ಹಿಂದೆಯೂ ಇದೇ ವಿವೇಕವಿದೆ.

ಮುಷ್ಟಿ ಕಾಳಗದ ನಮ್ಮದೇ ರೂಪವೆಂದರೆ ಮೈಸೂರಿನ ವಜ್ರಮುಷ್ಟಿ ಕಾಳಗ. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ, ಬೆರಳುಗಳಿಗೆ ಮೊನಚಾದ ವಜ್ರಮುಷ್ಟಿ ಧರಿಸಿದ ಜಟ್ಟಿಗಳು ಸೆಣಸುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದ ಕ್ಷಣವೇ ಕಾಳಗ ಮುಗಿಯುತ್ತದೆ. ಅಲ್ಲಿ ಅದು ಸಂಪ್ರದಾಯ. ಬಾಕ್ಸಿಂಗ್ ಇದಕ್ಕಿಂತ ಬೇರೆ. 1867ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಕ್ವೀನ್ಸ್‌ಬೆರಿ ನಿಯಮಗಳು ಗ್ಲೌಸ್, ಮೂರು ನಿಮಿಷದ ಸುತ್ತು, ನಡುವೆ ಒಂದು ನಿಮಿಷದ ವಿರಾಮ, ಬಿದ್ದವನಿಗೆ ಏಳಲು ಹತ್ತು ಸೆಕೆಂಡು ಕಾಲಾವಕಾಶ ಎಂಬ ಕಟ್ಟುಪಾಡುಗಳನ್ನು ತಂದವು. ಇಂದಿನ ಕ್ರೀಡೆ ನಿಂತಿರುವುದು ಅವುಗಳ ಮೇಲೆಯೇ.

ಕುಸ್ತಿ ಬಲ್ಲವನಿಗೆ ಲಾಭ, ನಷ್ಟ

ತಾಲೀಮಿನಲ್ಲಿ ದಂಡ, ಬೈಠಕ್ ಹೊಡೆದು ಬಂದವನಿಗೆ ಕಾಲು, ಸೊಂಟ ಮತ್ತು ಕುತ್ತಿಗೆಯ ಬಲ ಮೊದಲೇ ಇರುತ್ತದೆ. ಇದು ಬಾಕ್ಸಿಂಗ್‌ಗೆ ದೊಡ್ಡ ಆಸ್ತಿ. ಆದರೆ ಮಣ್ಣಿನ ಅಭ್ಯಾಸ ಕೆಲವು ತೊಡಕುಗಳನ್ನೂ ತರುತ್ತದೆ. ಕುಸ್ತಿಯಲ್ಲಿ ತಲೆ ಮುಂದೆ ಬಾಗಿಸಿ ಎದುರಾಳಿಯನ್ನು ಹಿಡಿಯುವುದು ಜಾಣತನ. ಬಾಕ್ಸಿಂಗ್‌ನಲ್ಲಿ ಹಿಡಿಯುವುದು ತಪ್ಪು, ತಲೆ ಮುಂದೆ ಚಾಚುವುದು ಪೆಟ್ಟಿಗೆ ಆಹ್ವಾನ. ಸೊಂಟಪಟ್ಟಿಯ ಕೆಳಗೆ, ತಲೆಯ ಹಿಂಭಾಗಕ್ಕೆ, ಬೆನ್ನಿಗೆ ಹೊಡೆಯುವುದೂ, ತೆರೆದ ಗ್ಲೌಸ್‌ನಿಂದ ಅಥವಾ ಮೊಣಕೈಯಿಂದ ಹೊಡೆಯುವುದೂ ನಿಷಿದ್ಧ. ಮುಚ್ಚಿದ ಮುಷ್ಟಿಯ ಗೆಣ್ಣಿನ ಭಾಗ ತಗುಲಿದರೆ ಮಾತ್ರ ಆ ಪೆಟ್ಟಿಗೆ ಬೆಲೆ.

ಮೊದಲ ತಿಂಗಳುಗಳ ಪಾಠ

ಹೊಸಬರು ಮೊದಲ ದಿನವೇ ಚೀಲಕ್ಕೆ ಗುದ್ದಲು ಹಾತೊರೆಯುವುದು ಸಹಜ. ಆದರೆ ಒಳ್ಳೆಯ ಗುರು ಮೊದಲು ನಿಲ್ಲಲು ಕಲಿಸುತ್ತಾನೆ. ಬಲಗೈ ಬಳಸುವವರು ಎಡಗಾಲನ್ನು ಮುಂದಿಟ್ಟು, ಬಲಗಾಲನ್ನು ಹಿಂದೆ ಓರೆಯಾಗಿಟ್ಟು, ಹಿಂಗಾಲಿನ ಹಿಮ್ಮಡಿಯನ್ನು ತುಸು ಎತ್ತಿ, ಮೊಣಕಾಲುಗಳನ್ನು ಸಡಿಲವಾಗಿ ಬಾಗಿಸಿ ನಿಲ್ಲುತ್ತಾರೆ. ಗದ್ದ ಕೆಳಗೆ, ಎರಡೂ ಕೈ ಕೆನ್ನೆಯ ಮಟ್ಟಕ್ಕೆ, ಮೊಣಕೈಗಳು ಪಕ್ಕೆಲುಬಿಗೆ ಹತ್ತಿರ. ಎಡಚರದು ಇದರ ತದ್ವಿರುದ್ಧ.

ನಂತರ ನಡಿಗೆ. ಮುಂದೆ ಹೋಗುವಾಗ ಮುಂಗಾಲು ಮೊದಲು, ಹಿಂದೆ ಸರಿಯುವಾಗ ಹಿಂಗಾಲು ಮೊದಲು, ಎಡಕ್ಕೆ ಹೋಗುವಾಗ ಎಡಗಾಲು ಮೊದಲು. ಕಾಲುಗಳು ಎಂದೂ ಒಂದನ್ನೊಂದು ದಾಟಬಾರದು, ಕೂಡಿಕೊಳ್ಳಲೂ ಬಾರದು. ದಾಟಿದ ಕ್ಷಣದಲ್ಲಿ ಬೀಳುವ ಹಗುರ ಪೆಟ್ಟೂ ಮನುಷ್ಯನನ್ನು ಕೆಡವಬಲ್ಲದು. ಇದನ್ನು ಮೈಗೂಡಿಸಿಕೊಳ್ಳಲು ವಾರಗಳೇ ಬೇಕು.

ಪೆಟ್ಟುಗಳು ಮೂಲತಃ ನಾಲ್ಕು. ಮುಂದಿನ ಕೈಯ ನೇರ ಪೆಟ್ಟು ಜ್ಯಾಬ್. ದೂರ ಅಳೆಯುವುದೂ, ಎದುರಾಳಿಯನ್ನು ತಡೆಯುವುದೂ ಅದರಿಂದಲೇ. ಹಿಂದಿನ ಕೈಯ ನೇರ ಪೆಟ್ಟು ಕ್ರಾಸ್. ಮೊಣಕೈ ಬಾಗಿಸಿ ಪಕ್ಕದಿಂದ ಬರುವುದು ಹುಕ್. ಕೆಳಗಿನಿಂದ ಮೇಲಕ್ಕೆ ಏರುವುದು ಅಪ್ಪರ್‌ಕಟ್. ಇವು ಯಾವುವೂ ಬರಿಯ ತೋಳಿನ ಕೆಲಸವಲ್ಲ. ಪಾದ ನೆಲವನ್ನು ಒತ್ತುತ್ತದೆ, ಸೊಂಟ ತಿರುಗುತ್ತದೆ, ಹೆಗಲು ಅನುಸರಿಸುತ್ತದೆ, ಮುಷ್ಟಿ ಕೊನೆಗೆ ತಲುಪುತ್ತದೆ. ಹೊಡೆದ ಕೈ ಹೋದ ದಾರಿಯಲ್ಲೇ ಕೆನ್ನೆಗೆ ಮರಳಬೇಕು. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ: ಒಂದು ಕೈ ಹೊಡೆಯುವಾಗ ಇನ್ನೊಂದು ಕೈ ತಾನಾಗಿ ಕೆಳಗಿಳಿದಿರುತ್ತದೆ.

ಪೆಟ್ಟನ್ನು ಕೈಯಲ್ಲಿ ತಡೆಯುವುದು, ತಲೆ ಓರೆ ಮಾಡಿ ಜಾರಿಸುವುದು, ಮೊಣಕಾಲು ಬಾಗಿಸಿ ಕೆಳಗೆ ನುಸುಳುವುದು, ಒಂದು ಹೆಜ್ಜೆ ಹಿಂದೆ ಸರಿಯುವುದು ಇವು ರಕ್ಷಣೆಯ ಪಾಠಗಳು. ಹೊಡೆತದಷ್ಟೇ ಸಮಯವನ್ನು ಇವಕ್ಕೂ ಮೀಸಲಿಡದ ತರಬೇತಿಯನ್ನು ಅರೆ ತರಬೇತಿ ಎಂದೇ ತಿಳಿಯಬೇಕು.

ಬೇಕಾದ ಸಲಕರಣೆ

ಆರಂಭಕ್ಕೆ ಹಗ್ಗ, ಹಿಡಿತವಿರುವ ಬೂಟು ಮತ್ತು ಕೈಪಟ್ಟಿ ಸಾಕು. ಕೈಪಟ್ಟಿ ಸುಮಾರು ನಾಲ್ಕೂವರೆ ಮೀಟರ್ ಉದ್ದದ್ದಿರಲಿ. ಮಣಿಕಟ್ಟು, ಹೆಬ್ಬೆರಳು ಮತ್ತು ಗೆಣ್ಣುಗಳನ್ನು ಬಿಗಿಯಾಗಿ ಸುತ್ತಬೇಕು, ಆದರೆ ಬೆರಳು ಜೋಮು ಹಿಡಿಯಬಾರದು. ಪಟ್ಟಿ ಸುತ್ತದ ಕೈಯಲ್ಲಿ ಚೀಲಕ್ಕೆ ಗುದ್ದಿದರೂ ಕೈಯ ಸಣ್ಣ ಮೂಳೆಗಳು ಮುರಿಯಬಹುದು ಎಂಬುದು ನೆನಪಿರಲಿ.

ಗ್ಲೌಸ್‌ಗಳನ್ನು ಔನ್ಸ್‌ನಲ್ಲಿ ಅಳೆಯುತ್ತಾರೆ. ಒಂದು ಔನ್ಸ್ ಸುಮಾರು 28 ಗ್ರಾಂ. ಸ್ಪರ್ಧೆಯಲ್ಲಿ ತೂಕಕ್ಕೆ ತಕ್ಕಂತೆ 10 ಅಥವಾ 12 ಔನ್ಸ್ ಬಳಕೆಯಲ್ಲಿದ್ದರೆ, ವಯಸ್ಕರ ಸ್ಪಾರಿಂಗ್‌ಗೆ 14 ಅಥವಾ 16 ಔನ್ಸಿನ ದಪ್ಪ ಗ್ಲೌಸ್ ರೂಢಿ. ದಪ್ಪ ಮೆತ್ತೆ ಪೆಟ್ಟಿನ ತೀವ್ರತೆಯನ್ನು ತಗ್ಗಿಸುತ್ತದೆ. ರಿಂಗಿಗೆ ಇಳಿಯುವ ದಿನಕ್ಕೆ ಹಲ್ಲಿನ ರಕ್ಷಾಕವಚ, ಹೆಡ್‌ಗಾರ್ಡ್, ಪುರುಷರಿಗೆ ಮರ್ಮಾಂಗದ ಕವಚ ಕಡ್ಡಾಯ. ಹಲ್ಲಿನ ಕವಚವನ್ನು ಪರರಿಂದ ಎರವಲು ಪಡೆಯಬಾರದು.

ಸ್ಪಾರಿಂಗ್ ಜಗಳವಲ್ಲ

ಜೊತೆಗಾರನೊಡನೆ ರಿಂಗಿನಲ್ಲಿ ನಡೆಸುವ ಅಭ್ಯಾಸ ಸೆಣಸಾಟವೇ ಸ್ಪಾರಿಂಗ್. ಇದಕ್ಕೆ ಮೆಟ್ಟಿಲುಗಳಿವೆ. ಮೊದಲು ಕನ್ನಡಿಯ ಮುಂದೆ ಒಬ್ಬರೇ ಮಾಡುವ ನೆರಳು ಬಾಕ್ಸಿಂಗ್. ಬಳಿಕ ಗುರು ಹಿಡಿದ ಪ್ಯಾಡ್‌ಗಳಿಗೆ ಹೊಡೆತ. ಮೂರನೆಯದು ನಿಯಮಿತ ಜೋಡಿ ಅಭ್ಯಾಸ: ಒಬ್ಬ ಜ್ಯಾಬ್ ಮಾತ್ರ ಹೊಡೆಯಬೇಕು, ಇನ್ನೊಬ್ಬ ರಕ್ಷಣೆ ಮಾತ್ರ ಮಾಡಬೇಕು. ನಾಲ್ಕನೆಯದು ಇಬ್ಬರೂ ಹೊಡೆಯಬಹುದಾದ, ಆದರೆ ಬಲ ತಗ್ಗಿಸಿದ ಸ್ಪಾರಿಂಗ್. ಒಂದು ಮೆಟ್ಟಿಲು ಗಟ್ಟಿಯಾಗದೆ ಇನ್ನೊಂದಕ್ಕೆ ಹತ್ತಿಸುವ ಅವಸರ ಸಲ್ಲದು. ಹೊಸಬನಿಗೆ ಇದು ಎಷ್ಟು ದಿನದ ಮಾತು ಎಂದು ಕ್ಯಾಲೆಂಡರ್ ಹೇಳಲಾರದು. ಪೆಟ್ಟು ಬರುವಾಗ ಕಣ್ಣು ಮುಚ್ಚದೆ, ಬೆನ್ನು ತಿರುಗಿಸದೆ ನಿಲ್ಲಬಲ್ಲನೇ ಎಂಬುದನ್ನು ನೋಡಿ ಗುರುವೇ ನಿರ್ಧರಿಸಬೇಕು.

ಮೊದಲ ಸ್ಪಾರಿಂಗ್‌ನ ಅನುಭವ ಬಹುತೇಕ ಎಲ್ಲರಿಗೂ ಒಂದೇ. ಚೀಲದ ಮುಂದೆ ಹತ್ತು ನಿಮಿಷ ದಣಿಯದವರು ರಿಂಗಿನಲ್ಲಿ ಒಂದೇ ನಿಮಿಷಕ್ಕೆ ಏದುಸಿರು ಬಿಡುತ್ತಾರೆ. ಭಯದಲ್ಲಿ ಉಸಿರು ಬಿಗಿಹಿಡಿಯುವುದೇ ಇದಕ್ಕೆ ಕಾರಣ. ಮೂಗಿಗೆ ಪೆಟ್ಟು ಬಿದ್ದರೆ ಕಣ್ಣಲ್ಲಿ ತಾನಾಗಿ ನೀರು ಬರುತ್ತದೆ, ಅದು ಅಳುಕಲ್ಲ. ಪೆಟ್ಟು ತಿಂದವನಿಗೆ ಸಿಟ್ಟು ಬರುವುದೂ ಸಹಜ. ಆ ಸಿಟ್ಟಿನಲ್ಲಿ ತಿರುಗಿ ಜೋರಾಗಿ ಹೊಡೆದರೆ ಎದುರಿನವನೂ ಹಾಗೆಯೇ ಮಾಡುತ್ತಾನೆ, ಪಾಠ ಅಲ್ಲಿಗೆ ಮುಗಿದು ಜಗಳ ಆರಂಭವಾಗುತ್ತದೆ. ಆದ್ದರಿಂದ ತೂಕದಲ್ಲಿ, ಅನುಭವದಲ್ಲಿ ಸಮನಾದ ಜೋಡಿ ಇರಬೇಕು. ಹಳಬನ ಜೊತೆ ಹೊಸಬನನ್ನು ಬಿಟ್ಟರೆ ಹಳಬ ಬಲ ತಗ್ಗಿಸಲೇಬೇಕು. ಗುರು ಹಗ್ಗದ ಪಕ್ಕದಲ್ಲೇ ನಿಂತಿರಬೇಕು. ಗುರುವಿಲ್ಲದ ವೇಳೆ ಸ್ಪಾರಿಂಗ್ ಇಲ್ಲ ಎಂಬುದು ಎಲ್ಲ ಒಳ್ಳೆಯ ಕೇಂದ್ರಗಳ ಮೊದಲ ನಿಯಮ.

ತಲೆಗೆ ಬಿದ್ದ ಪೆಟ್ಟು

ಹೆಡ್‌ಗಾರ್ಡ್ ಇದ್ದರೆ ಮೆದುಳು ಸುರಕ್ಷಿತ ಎಂಬುದು ವ್ಯಾಪಕವಾದ ತಪ್ಪು ತಿಳಿವಳಿಕೆ. ಅದು ಚರ್ಮ ಸೀಳುವುದನ್ನು, ಬಾವು ಬರುವುದನ್ನು ತಡೆಯುತ್ತದೆಯೇ ಹೊರತು, ತಲೆ ಥಟ್ಟನೆ ತಿರುಗಿದಾಗ ಒಳಗೆ ಮೆದುಳು ಅಲುಗಾಡುವುದನ್ನು ತಡೆಯಲಾರದು. ಹಿರಿಯ ಪುರುಷರ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ 2013ರಿಂದ ಹೆಡ್‌ಗಾರ್ಡನ್ನೇ ಕೈಬಿಡಲಾಗಿದೆ. ಹಾಗೆಂದು ಕಲಿಯುವವರು ಅದನ್ನು ಬಿಡತಕ್ಕದ್ದಲ್ಲ.

ಪ್ರಜ್ಞೆ ತಪ್ಪದಿದ್ದರೂ ಮೆದುಳಿಗೆ ಆಘಾತವಾಗಿರಬಹುದು. ತಲೆನೋವು, ತಲೆಸುತ್ತು, ಮಂಜಾದ ನೋಟ, ಈಗತಾನೆ ನಡೆದದ್ದರ ಮರೆವು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು ಇವು ಅದರ ಲಕ್ಷಣಗಳು. ಇವುಗಳಲ್ಲಿ ಒಂದು ಕಂಡರೂ ಅಂದಿನ ಅಭ್ಯಾಸ ಅಲ್ಲಿಗೇ ನಿಲ್ಲಬೇಕು, ವೈದ್ಯರಿಗೆ ತೋರಿಸಬೇಕು. ಹೆಚ್ಚುತ್ತಿರುವ ತಲೆನೋವು, ಪದೇ ಪದೇ ವಾಂತಿ, ತೊದಲು ಮಾತು, ಎಬ್ಬಿಸಲಾಗದ ಮಂಪರು, ಕಣ್ಣಿನ ಪಾಪೆಗಳಲ್ಲಿ ವ್ಯತ್ಯಾಸ, ಸೆಳೆತ ಕಂಡರೆ 108ಕ್ಕೆ ಕರೆ ಮಾಡಿ ಕೂಡಲೇ ಆಸ್ಪತ್ರೆಗೆ ಸೇರಿಸಬೇಕು. ಮೊದಲ ಆಘಾತ ಮಾಯುವ ಮುನ್ನ ಎರಡನೆಯದು ಬಿದ್ದರೆ, ವಿಶೇಷವಾಗಿ ಎಳೆಯರಲ್ಲಿ, ಪ್ರಾಣಕ್ಕೇ ಕುತ್ತು ಬರಬಹುದು. ತಲೆಯ ಪೆಟ್ಟಿನಿಂದ ನಾಕೌಟ್ ಆದವರು ಕನಿಷ್ಠ 30 ದಿನ ಸ್ಪರ್ಧೆಯಿಂದಲೂ ಸ್ಪಾರಿಂಗ್‌ನಿಂದಲೂ ದೂರವಿರಬೇಕೆಂಬುದು ಅಮೆಚೂರ್ ಬಾಕ್ಸಿಂಗ್‌ನಲ್ಲಿ ಬಹುಕಾಲದಿಂದ ಬಂದ ನಿಯಮ.

ಇದು ಕಾಗದದ ಮೇಲಿನ ಎಚ್ಚರಿಕೆಯಲ್ಲ. 2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಕಿಕ್‌ಬಾಕ್ಸಿಂಗ್ ಸ್ಪರ್ಧೆಯೊಂದರಲ್ಲಿ ಎದುರಾಳಿಯ ಪೆಟ್ಟಿಗೆ ಕುಸಿದ ಮೈಸೂರಿನ ಯುವಕನೊಬ್ಬ ಕೆಲವೇ ದಿನಗಳಲ್ಲಿ ಆಸ್ಪತ್ರೆಯಲ್ಲಿ ಮೃತಪಟ್ಟ. ಸ್ಥಳದಲ್ಲಿ ತಕ್ಕ ವೈದ್ಯಕೀಯ ವ್ಯವಸ್ಥೆ ಇರಲಿಲ್ಲವೆಂದು ಕುಟುಂಬದವರು ದೂರಿದ್ದರು. ರಾಜಧಾನಿಯಲ್ಲೇ ಹೀಗಾದರೆ, ದೊಡ್ಡ ಆಸ್ಪತ್ರೆಗೆ ಬೀದರ್‌ಗೋ ಕಲಬುರಗಿಗೋ ಓಡಬೇಕಾದ ಊರುಗಳ ಪಾಡೇನು? ಆದ್ದರಿಂದ ಮಕ್ಕಳನ್ನು ಸೇರಿಸುವ ಮುನ್ನ ಪೋಷಕರು ತರಬೇತುದಾರರಿಗೆ ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ಪದಕ ಗೆದ್ದಿದ್ದೀರಿ ಎಂಬುದಲ್ಲ. ತಲೆಗೆ ಪೆಟ್ಟು ಬಿದ್ದರೆ ಏನು ಮಾಡುತ್ತೀರಿ ಎಂಬುದು.

ಗುರುವಿನ ಆಯ್ಕೆ

ಪಟಿಯಾಲದಲ್ಲಿ 1961ರಲ್ಲಿ ಆರಂಭವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ತರಬೇತುದಾರರಿಗೆ ಡಿಪ್ಲೊಮಾ ನೀಡುತ್ತದೆ. ಅಂತಹ ಅರ್ಹತೆ ಇದೆಯೇ, ಸೇರುವಾಗ ವೈದ್ಯಕೀಯ ತಪಾಸಣೆ ಕೇಳುತ್ತಾರೆಯೇ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮತ್ತು ವಾಹನದ ಏರ್ಪಾಡಿದೆಯೇ, ಹುಡುಗಿಯರಿಗೆ ಪ್ರತ್ಯೇಕ ಉಡುಪು ಬದಲಿಸುವ ಕೋಣೆಯಿದೆಯೇ ಎಂಬುದನ್ನು ನೋಡಬೇಕು. ಸೇರಿದ ವಾರದಲ್ಲೇ ರಿಂಗಿಗೆ ಇಳಿಸುವ, ಸ್ಪರ್ಧೆಗಾಗಿ ನೀರು ಬಿಟ್ಟು ತೂಕ ಇಳಿಸಲು ಹೇಳುವ ಕೇಂದ್ರದಿಂದ ದೂರವಿರುವುದೇ ಲೇಸು. ಹತ್ತಿರದಲ್ಲಿ ಕೇಂದ್ರವಿಲ್ಲದವರು ಓಟ, ಹಗ್ಗದಾಟ, ತಾಲೀಮಿನ ಕಸರತ್ತುಗಳಿಂದ ಮೈ ಹದಗೊಳಿಸಿಕೊಳ್ಳಬಹುದು. ವಿಡಿಯೊ ನೋಡಿ ಹೆಜ್ಜೆ ಅಭ್ಯಾಸ ಮಾಡಬಹುದು. ವಿಡಿಯೊ ನೋಡಿ ಗೆಳೆಯನ ತಲೆಗೆ ಗುದ್ದುವುದು ಮಾತ್ರ ಬೇಡ.

ದಾರಿ ತೋರಿದವರು

ದೊಡ್ಡ ರಿಂಗು ಈ ಭಾಗಕ್ಕೆ ತೀರಾ ದೂರವೂ ಅಲ್ಲ. ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ ಜೆಎಸ್‌ಡಬ್ಲ್ಯು ಸಮೂಹ ಸ್ಥಾಪಿಸಿದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಪುರುಷರ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯಿತು. ಅಲ್ಲಿ ಕರ್ನಾಟಕವನ್ನು ಪ್ರತಿನಿಧಿಸಿ ಚಿನ್ನ ಗೆದ್ದ ಹರಿಯಾಣ ಮೂಲದ ನಿಶಾಂತ್ ದೇವ್, 2023ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಪಡೆದು, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕ್ವಾರ್ಟರ್ ಫೈನಲ್ ತಲುಪಿದರು. ಬೀದರ್‌ನ ನೆರೆಯ ತೆಲಂಗಾಣದ ನಿಜಾಮಾಬಾದ್‌ನ ನಿಖತ್ ಜರೀನ್ 2022 ಮತ್ತು 2023ರಲ್ಲಿ ವಿಶ್ವ ಚಾಂಪಿಯನ್ ಆದರು. ರಾಜಧಾನಿಯಲ್ಲ, ಜಿಲ್ಲಾ ಪಟ್ಟಣವೊಂದು ಬೆಳೆಸಿದ ಪ್ರತಿಭೆ ಅವರು. ಆಡಳಿತದ ಗೊಂದಲದಿಂದ ಅನಿಶ್ಚಿತವಾಗಿದ್ದ ಒಲಿಂಪಿಕ್ ಬಾಕ್ಸಿಂಗ್‌ನ ಭವಿಷ್ಯವೂ ತಿಳಿಯಾಗಿದೆ. 2028ರ ಲಾಸ್ ಏಂಜಲೀಸ್ ಕೂಟದಲ್ಲಿ ಈ ಕ್ರೀಡೆ ಇರಲಿದೆಯೆಂದು 2025ರ ಮಾರ್ಚ್‌ನಲ್ಲಿ ತೀರ್ಮಾನವಾಯಿತು.

ಕಲಿಯುವವರೆಲ್ಲ ಒಲಿಂಪಿಕ್ಸ್‌ಗೆ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಭಯದ ನಡುವೆಯೂ ಉಸಿರಾಡುವುದು, ಸಿಟ್ಟು ಬಂದಾಗಲೂ ಬಲ ತಗ್ಗಿಸುವುದು, ತಲೆ ನೋಯುತ್ತಿದೆ ಎಂದು ನಾಚಿಕೆಯಿಲ್ಲದೆ ಗುರುವಿಗೆ ಹೇಳುವುದು: ಇವಿಷ್ಟನ್ನು ಕಲಿತವರು ಒಂದೂ ಪಂದ್ಯ ಆಡದಿದ್ದರೂ ಬಾಕ್ಸಿಂಗ್ ಕಲಿತವರೇ. ತಾಲೀಮಿನಲ್ಲಿ ಮಣ್ಣಿಗೆ ನಮಸ್ಕರಿಸಿ ಒಳಗೆ ಕಾಲಿಡುವ ಪದ್ಧತಿಯಿದೆ. ರಿಂಗಿನಲ್ಲಿ ಸುತ್ತು ಮುಗಿದಾಗ ಎದುರಾಳಿಯ ಗ್ಲೌಸ್‌ಗೆ ಗ್ಲೌಸ್ ತಾಗಿಸುವ ಪದ್ಧತಿಯಿದೆ. ಎರಡರ ಅರ್ಥವೂ ಒಂದೇ.