ದೋಷ ತಿಳಿದ ಗಾಡಿ

ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಮೊದಲು ಹಲ್ಲು ಹಿಡಿದು ನೋಡುತ್ತಾನೆ. ಆಮೇಲೆ ಸುಳಿ, ಗೊರಸು, ನಡಿಗೆ. ಹಳೆಯ ಮೋಟಾರುಗಾಡಿಗೆ ಹಲ್ಲೂ ಇಲ್ಲ, ಸುಳಿಯೂ ಇಲ್ಲ. ಹೊಸದಾಗಿ ಬಳಿದ ಬಣ್ಣವೊಂದಿರುತ್ತದೆ. ಆ ಬಣ್ಣಕ್ಕೆ ಮರುಳಾದವರಲ್ಲಿ ನಾನೂ ಒಬ್ಬ.

ಕೆಲವು ವರ್ಷಗಳ ಹಿಂದೆ ಮೈಸೂರಿನಲ್ಲಿ ಎರಡು ಹಳೆಯ ಗಾಡಿಗಳು ಹೆಚ್ಚುಕಡಿಮೆ ಒಂದೇ ಬೆಲೆಗೆ ನನಗೆ ದೊರೆಯುವಂತಿದ್ದವು. ಒಂದು ಬಣ್ಣಗೆಟ್ಟು ಬಾಗಿಲು ಕಿರುಗುಟ್ಟುತ್ತಿದ್ದ ಗಾಡಿ. ಇನ್ನೊಂದು ಕನ್ನಡಿಯಂತೆ ಹೊಳೆಯುತ್ತಿದ್ದುದು. ನಮ್ಮ ಬೀದಿಯ ವೃದ್ಧ ಮೆಕ್ಯಾನಿಕ್ಕರು ಎರಡನ್ನೂ ಸುತ್ತಿ ನೋಡಿ, “ಮೇಷ್ಟ್ರೇ, ಈ ಗಾಡಿಗೆ ಎಲ್ಲೆಲ್ಲಿ ನೋವಿದೆ ಅಂತ ನನಗೆ ಗೊತ್ತು. ಆ ಹೊಳೆಯೋದಕ್ಕೆ ಎಲ್ಲಿ ನೋವಿದೆ ಅಂತ ಅದಕ್ಕೇ ಗೊತ್ತು” ಎಂದರು. ತರಗತಿಯಲ್ಲಿ ಕಾವ್ಯದ ಧ್ವನಿಯನ್ನು ಕುರಿತು ಪಾಠ ಹೇಳುವವನಾದರೂ ಆ ಮಾತಿನ ಧ್ವನಿ ನನಗೆ ತಿಳಿಯಲಿಲ್ಲ. ಹೊಳೆಯುವುದನ್ನೇ ಕೊಂಡೆ. ಎರಡು ತಿಂಗಳೊಳಗೆ ಸಂಪಾಜೆ ಘಾಟಿಯನ್ನು ಏರುವಾಗ ಅದು ನೀರು ಕುದಿಸಿ, ಹಬೆ ಕಾರಿ, ಸುರಿಯುವ ಮಳೆಯಲ್ಲಿ ನಮ್ಮನ್ನೆಲ್ಲ ಇಳಿಸಿ ನಿಂತುಬಿಟ್ಟಿತು.

ಮೆಕ್ಯಾನಿಕ್ಕರ ಮಾತು ನನಗೆ ಮತ್ತೆ ನೆನಪಾದದ್ದು ಮೋಟಾರು ಪಂದ್ಯಗಳ ಚರಿತ್ರೆಯನ್ನು ಓದುವಾಗ. ಕೋಟಿಗಟ್ಟಲೆ ಹಣ ಸುರಿಯುವ ಪಂದ್ಯಗಳ ಮಾತಲ್ಲ. ಕೈಯಲ್ಲಿ ಹೆಚ್ಚು ಕಾಸಿಲ್ಲದ ಹವ್ಯಾಸಿಗಳು, ಯಾರೋ ಓಡಿಸಿ ಬಿಟ್ಟ ಅಗ್ಗದ ಗಾಡಿಯನ್ನು ಆರಿಸಿ ತಂದು, ಗಂಟೆಗಟ್ಟಲೆ ಓಡಿಸುವ ತಾಳಿಕೆಯ ಪಂದ್ಯಗಳ ಮಾತು. ಅಲ್ಲಿ ಗಾಡಿಯನ್ನು ಆರಿಸುವ ವಿದ್ಯೆಯೆಲ್ಲ ನಮ್ಮ ಬೀದಿಯ ಆ ವೃದ್ಧರ ಒಂದು ಮಾತಿನಲ್ಲಿ ಅಡಗಿದೆ ಎಂದರೆ ವಾಚಕರು ನಗಬಾರದು.

ತಾಳಿಕೆಯ ಪಂದ್ಯ ಹುಟ್ಟಿದ್ದೇ ಸಾಮಾನ್ಯ ಗಾಡಿಗಳ ಪರೀಕ್ಷೆಗಾಗಿ. 1923ರ ಮೇ ತಿಂಗಳ 26 ಮತ್ತು 27ರಂದು ಫ್ರಾನ್ಸಿನ ಲ ಮಾನ್ ಊರಿನ ಹೊರಗೆ ಮೊದಲ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯ ನಡೆಯಿತು. ಜನರು ಕೊಂಡು ಓಡಿಸುವಂಥ ಗಾಡಿಗಳು ಹಗಲೂ ರಾತ್ರಿಯೂ ಓಡಿ ಎಷ್ಟು ಬಾಳುತ್ತವೆ ಎಂಬುದನ್ನು ನೋಡುವುದೇ ಅದರ ಉದ್ದೇಶ. 33 ಗಾಡಿಗಳು ಹೊರಟವು. 30 ಕೊನೆಯವರೆಗೂ ಉಳಿದವು. ಲಗಾಶ್ ಮತ್ತು ಲೆಯೊನಾರ್ ಎಂಬ ಇಬ್ಬರು ಶೆನಾರ್-ವಾಲ್ಕರ್ ಗಾಡಿಯಲ್ಲಿ 2,209 ಕಿಲೋಮೀಟರು ಕ್ರಮಿಸಿ ಮೊದಲಿಗರಾದರು.

ಆದರೆ ನನ್ನ ಮನಸ್ಸಿನಲ್ಲಿ ನಿಂತವರು ಗೆದ್ದವರಲ್ಲ, ಡಫ್ ಮತ್ತು ಕ್ಲೆಮೆಂಟ್ ಎಂಬ ಜೋಡಿ. ಅವರ ಬೆಂಟ್ಲಿ ಗಾಡಿಯ ಪೆಟ್ರೋಲು ತೊಟ್ಟಿಗೆ ಕಲ್ಲು ಬಡಿದು ತೂತಾಯಿತು. ಡಫ್ ಗಾಡಿಯನ್ನು ದಾರಿಯಲ್ಲೇ ಬಿಟ್ಟು ಓಡಿ ಬಂದು ಸುದ್ದಿ ತಿಳಿಸಿದ. ಕ್ಲೆಮೆಂಟ್ ಒಂದು ಸೈಕಲ್ಲು ಎರವಲು ಪಡೆದು, ಪೆಟ್ರೋಲಿನ ಡಬ್ಬಗಳನ್ನು ಹೊತ್ತು ಹೋಗಿ, ತೂತಿಗೆ ಬಿರಡೆ ಹೊಡೆದು ಗಾಡಿಯನ್ನು ಮತ್ತೆ ಓಡಿಸಿದ. ಅದು ನಾಲ್ಕನೆಯ ಸ್ಥಾನದಲ್ಲಿ ಮುಗಿಸಿತು. ಮರುವರ್ಷ, 1924ರಲ್ಲಿ, ಆ ಜೋಡಿಯೇ ಗೆದ್ದಿತು. ವೇಗ ಕೈಕೊಟ್ಟಾಗ ಉಳಿಯುವುದು ಬಿರಡೆ ಹೊಡೆಯುವ ಕೈ. ತಾಳಿಕೆಯ ಪಂದ್ಯದ ಮೊದಲನೆಯ ಪಾಠ ಇದೇ.

ಪಂದ್ಯ ಪ್ರಸಿದ್ಧವಾದಂತೆಲ್ಲ ಹಣ ಬಂತು. ಹಣ ಬಂದಂತೆಲ್ಲ ಸಾಮಾನ್ಯ ಗಾಡಿ ಹಿಂದೆ ಸರಿಯಿತು. ಹಾಗಾದರೆ ಸಂಬಳದ ಮೇಲೆ ಬದುಕುವವನಿಗೆ ಪಂದ್ಯದಲ್ಲಿ ಎಡೆಯಿಲ್ಲವೆ? ಈ ಪ್ರಶ್ನೆಗೆ ಉತ್ತರ ಕೊಟ್ಟದ್ದು ಇಂಗ್ಲೆಂಡಿನ ಒಂದು ಪುಟಾಣಿ ಗಾಡಿ.

ಅದರ ಹೆಸರು ಆಸ್ಟಿನ್ ಸೆವೆನ್. ಹರ್ಬರ್ಟ್ ಆಸ್ಟಿನ್ ಅದನ್ನು ರೂಪಿಸುವಾಗ ಅವನಿಗೆ ನಕ್ಷೆ ಬರೆದುಕೊಟ್ಟವನು ಸ್ಟ್ಯಾನ್ಲಿ ಎಡ್ಜ್ ಎಂಬ ಹದಿನೆಂಟರ ಹುಡುಗ. 1922ರಲ್ಲಿ ಹೊರಬಂದ ಆ ಗಾಡಿ 1939ರವರೆಗೆ ಸುಮಾರು 2,90,000ದಷ್ಟು ತಯಾರಾಯಿತು. ಎಂಜಿನ್ನಿನ ಗಾತ್ರ ಬರಿಯ 747 ಸಿ.ಸಿ. ಗುಣಗಳಿಗಿಂತ ದೋಷಗಳೇ ಪ್ರಸಿದ್ಧ. ಬಹುಕಾಲ ಅದರ ಕ್ರ್ಯಾಂಕ್ ಶಾಫ್ಟಿಗೆ ಎರಡೇ ಮುಖ್ಯ ಬೇರಿಂಗು. ಹೆಚ್ಚು ವೇಗದಲ್ಲಿ ಶಾಫ್ಟು ಬಳುಕುತ್ತಿತ್ತು. ಬ್ರೇಕು ತಂತಿಯೆಳೆತದ್ದು, ಹಿಡಿದರೆ ಹಿಡಿಯಿತು, ಇಲ್ಲದಿದ್ದರೆ ಇಲ್ಲ. ಆದರೆ ಈ ದೋಷಗಳು ಇಂಗ್ಲೆಂಡಿನ ಊರೂರಿನ ಗ್ಯಾರೇಜಿನವನಿಗೂ ಬಾಯಿಪಾಠವಾಗಿದ್ದವು. ಬಿಡಿಭಾಗಗಳು ಗುಜರಿಯಲ್ಲೇ ಸಿಕ್ಕುತ್ತಿದ್ದವು. ಮಹಾಯುದ್ಧ ಮುಗಿದು ಹೊಸ ಗಾಡಿಗಳೆಲ್ಲ ರಫ್ತಿಗೆ ಮೀಸಲಾದಂತಿದ್ದ ಆ ದಿನಗಳಲ್ಲಿ ಬಡ ಹವ್ಯಾಸಿಗೆ ಇದಕ್ಕಿಂತ ಬೇರೆ ಗತಿಯೂ ಇರಲಿಲ್ಲ, ಇದಕ್ಕಿಂತ ಒಳ್ಳೆಯ ಗತಿಯೂ ಇರಲಿಲ್ಲ.

ಇಂಥವರಿಗಾಗಿ ಬಿಲ್ ಬಾಡಿ ಎಂಬ ಮೋಟಾರು ಪತ್ರಕರ್ತ ಮತ್ತು ಅವನ ಗೆಳೆಯರು 1939ರಲ್ಲಿ 750 ಕ್ಲಬ್ಬನ್ನು ಕಟ್ಟಿದ್ದರು. 1949ರಲ್ಲಿ ಆ ಕ್ಲಬ್ಬು ಆಸ್ಟಿನ್ ಸೆವೆನ್ನಿನ ಚೌಕಟ್ಟು, ಎಂಜಿನ್ನುಗಳನ್ನೇ ಬಳಸಬೇಕೆಂಬ ಅಗ್ಗದ ಪಂದ್ಯದ ಸೂತ್ರವನ್ನು ರಚಿಸಿತು. 1951ರಲ್ಲಿ ಸಿಲ್ವರ್‌ಸ್ಟೋನ್ ಪಂದ್ಯದ ಹಾದಿಯಲ್ಲಿ ಆರು ಗಂಟೆಗಳ ಸರದಿ ಪಂದ್ಯವನ್ನು ಆರಂಭಿಸಿತು. ಒಂದು ತಂಡದಲ್ಲಿ ಹಲವು ಗಾಡಿಗಳು. ಒಂದು ಬಳಲಿದರೆ ಇನ್ನೊಂದು ಹೊರಡುತ್ತದೆ. ಸಣ್ಣ ಗಾಡಿಗಳಿಗೆ ಮುಂಚಿತವಾಗಿ ಕೆಲವು ಸುತ್ತುಗಳ ರಿಯಾಯಿತಿ. ಒಂದೊಂದು ಗಾಡಿಗೂ ಇಲ್ಲದ ತಾಳಿಕೆ ಒಗ್ಗಟ್ಟಿಗೆ ಉಂಟೆಂಬ ಈ ಯುಕ್ತಿ ಹಾಲೆಂಡ್ ಬರ್ಕೆಟ್ ಎಂಬ ಪಶುವೈದ್ಯನದು. ಮುಂದೆ ಆ ಪಂದ್ಯ ಅವನ ಹೆಸರನ್ನೇ ಹೊತ್ತಿತು. ದನಕರುಗಳ ಬೇನೆಯನ್ನು ಅವು ಬಾಯಿಬಿಟ್ಟು ಹೇಳದೆಯೇ ತಿಳಿಯಬೇಕಾದವನಿಗೆ ಹಳೆಯ ಗಾಡಿಗಳ ಮೇಲೆ ಮಮತೆ ಹುಟ್ಟಿದ್ದು ಸಹಜವೇ.

ಈ ಕ್ಲಬ್ಬಿಗೆ ಬಂದ ಯುವಕರಲ್ಲಿ ಕಾಲಿನ್ ಚಾಪ್‌ಮನ್ ಒಬ್ಬ. ಲಂಡನ್ನಿನಲ್ಲಿ ಓದುತ್ತಿದ್ದಾಗ ಗೆಳೆಯನೊಬ್ಬನೊಡನೆ ಹಳೆಯ ಗಾಡಿಗಳ ವ್ಯಾಪಾರ ನಡೆಸುತ್ತಿದ್ದ. 1947ರ ಕೊನೆಯಲ್ಲಿ ಸರ್ಕಾರ ಜನಸಾಮಾನ್ಯರ ಪೆಟ್ರೋಲು ಪಡಿತರವನ್ನೇ ನಿಲ್ಲಿಸಿತು. ಪೆಟ್ರೋಲಿಲ್ಲದ ಊರಿನಲ್ಲಿ ಗಾಡಿ ಯಾರಿಗೆ ಬೇಕು? ಸಿಕ್ಕಿದ ಬೆಲೆಗೆ ಎಲ್ಲವನ್ನೂ ಮಾರಿದಾಗ ಯಾರೂ ಕೇಳದ ಒಂದು ಆಸ್ಟಿನ್ ಸೆವೆನ್ ಉಳಿಯಿತು. ಅವನು ಅದನ್ನು ಬಿಚ್ಚಿ, ಹೊಸ ಮೈ ಕಟ್ಟಿ, 1948ರಲ್ಲಿ ಹೊರತಂದ. ಲೋಟಸ್ ಎಂಬ ಜಗತ್ಪ್ರಸಿದ್ಧ ಹೆಸರಿನ ಮೊದಲ ಗಾಡಿ ಅದೇ. ಮಾರಲಾಗದ ಸರಕೇ ಮೂಲಧನವಾಯಿತು.

ಮುಂದಿನ ಸಂಗತಿ ಇನ್ನೂ ಸ್ವಾರಸ್ಯವಾದದ್ದು. ಆಸ್ಟಿನ್ ಸೆವೆನ್ನಿನ ಎಂಜಿನ್ನಿನಲ್ಲಿ ಎರಡೆರಡು ಸಿಲಿಂಡರುಗಳಿಗೆ ಉಸಿರೆಳೆಯಲು ಒಂದೊಂದೇ ಬಾಯಿ. 1951ರ ತನ್ನ ಮೂರನೆಯ ಗಾಡಿಯಲ್ಲಿ ಚಾಪ್‌ಮನ್ ಆ ಬಾಯಿಗಳ ನಡುವೆ ಗೋಡೆ ಹಾಕಿ ಪ್ರತಿಯೊಂದು ಸಿಲಿಂಡರಿಗೂ ಬೇರೆ ದಾರಿ ಮಾಡಿಕೊಟ್ಟ. ಅಂದಿನಿಂದ ಉಳಿದವರಿಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಕ್ಲಬ್ಬು ನಿಯಮವನ್ನು ತಿದ್ದಿ ಆ ಉಪಾಯವನ್ನು ನಿಷೇಧಿಸಿತು. ಪ್ರತಿಭೆಗೆ ಇದು ಅನ್ಯಾಯವೆನ್ನುವವರುಂಟು. ನನಗೆ ಹಾಗೆ ತೋರುವುದಿಲ್ಲ. ಒಬ್ಬನ ಉಪಾಯವನ್ನು ಹಿಡಿಯಲು ಉಳಿದವರೆಲ್ಲ ಖರ್ಚು ಮಾಡಹೊರಟರೆ ಬಡವನ ಪಂದ್ಯ ಬಡವನಿಗೆ ಉಳಿಯುವುದಿಲ್ಲ. ಅಗ್ಗ ತಾನಾಗಿ ಅಗ್ಗವಾಗಿ ಉಳಿಯದು. ಅದಕ್ಕೆ ಬೇಲಿ ಬೇಕು.

ಈ ಬೇಲಿಯನ್ನು ಅತ್ಯಂತ ವಿನೋದವಾಗಿ ಕಟ್ಟಿದವರು ಅಮೆರಿಕದವರು. 2006ರಲ್ಲಿ ಕ್ಯಾಲಿಫೋರ್ನಿಯದ ಆಲ್ಟಮಾಂಟಿನಲ್ಲಿ ಜೇ ಲ್ಯಾಮ್ ಎಂಬಾತ ಒಂದು ಪಂದ್ಯವನ್ನು ಏರ್ಪಡಿಸಿದ. ಅಮೆರಿಕದ ಆಡುಮಾತಿನಲ್ಲಿ ಕೆಟ್ಟ ಗಾಡಿಗೆ ‘ನಿಂಬೆಹಣ್ಣು’ ಎನ್ನುತ್ತಾರೆ. ಆ ಮಾತನ್ನು ಲ ಮಾನ್ ಹೆಸರಿಗೆ ಬೆಸೆದು ಪಂದ್ಯಕ್ಕೆ ‘ಲೆಮನ್ಸ್’ ಎಂದು ಹೆಸರಿಟ್ಟ. ನಿಯಮ ಒಂದೇ: ಗಾಡಿಯ ಬೆಲೆ 500 ಡಾಲರು ಮೀರಬಾರದು. ಹೆಚ್ಚು ಖರ್ಚು ಮಾಡಿದನೆಂದು ಪರೀಕ್ಷಕರಿಗೆ ಸಂಶಯ ಬಂದರೆ ಪ್ರತಿ 10 ಡಾಲರಿಗೆ ಒಂದು ಸುತ್ತು ದಂಡ. ಆದರೆ ಸವಾರನನ್ನು ಕಾಯುವ ಕಬ್ಬಿಣದ ಪಂಜರ, ಆಸನ, ಬ್ರೇಕು, ಟೈರುಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಗಾಡಿ ಅಗ್ಗವಾಗಿರಬಹುದು, ಪ್ರಾಣ ಅಗ್ಗವಲ್ಲ.

ಇಂಥ ಪಂದ್ಯಕ್ಕೆ ಎಂಥ ಗಾಡಿಯನ್ನು ಆರಿಸಬೇಕು? ಹೊಸಬ ಕುದುರೆಶಕ್ತಿಯನ್ನು ಕೇಳುತ್ತಾನೆ. ಅನುಭವಿ ನೀರನ್ನೂ ಎಣ್ಣೆಯನ್ನೂ ಕೇಳುತ್ತಾನೆ. ಪೇಟೆಗೆ ಹೋಗಿ ಬರುವ ಗಾಡಿಯಲ್ಲಿ ರೇಡಿಯೇಟರಿನ ಅರ್ಧ ಕಟ್ಟಿಕೊಂಡಿದ್ದರೂ ತಿಳಿಯದು. ಪಂದ್ಯದಲ್ಲಿ ಒಂದು ಗಂಟೆಯೊಳಗೆ ತಲೆಯ ಗ್ಯಾಸ್ಕೆಟ್ಟು ಹೋಗುತ್ತದೆ. ಉದ್ದನೆಯ ತಿರುವಿನಲ್ಲಿ ಎಣ್ಣೆಯೆಲ್ಲ ತಟ್ಟೆಯ ಒಂದು ಬದಿಗೆ ಸರಿದರೆ ಪಂಪು ಗಾಳಿಯನ್ನು ಹೀರಿ ಬೇರಿಂಗುಗಳು ಒಣಗುತ್ತವೆ. ಭಾರದ ಗಾಡಿ ಬ್ರೇಕನ್ನೂ ಟೈರನ್ನೂ ನುಂಗುತ್ತದೆ. ಅಪರೂಪದ ಗಾಡಿ ಕೆಟ್ಟಾಗ ಬಿಡಿಭಾಗವೂ ಅಪರೂಪ. ಆದ್ದರಿಂದ ಅಲ್ಲಿ ಸಾಧಾರಣ ಹೋಂಡಾ ಸಿವಿಕ್ಕಿನಂಥ, ಎಲ್ಲರಿಗೂ ಪರಿಚಯವಾದ ಗಾಡಿಗಳಿಗೆ ಗೌರವ ಹೆಚ್ಚು. ದುಬಾರಿ ವಂಶದ ಗಾಡಿಯೊಂದು 500 ಡಾಲರಿಗೆ ಸಿಕ್ಕಿದರೆ, ಅದನ್ನು ಮಾರಿದವನು ಏಕೆ ಮಾರಿದನೆಂದು ಮೊದಲು ಕೇಳಬೇಕು.

ಈ ಪಂದ್ಯದ ಅತಿ ದೊಡ್ಡ ಗೌರವ ಮೊದಲು ಬಂದವನಿಗಲ್ಲ. ಯಾವ ಗಾಡಿ ಒಂದು ಸುತ್ತನ್ನೂ ಪೂರೈಸದೆಂದು ಜನ ನಕ್ಕಿದ್ದರೋ, ಅದನ್ನೇ ಕೊನೆಯವರೆಗೆ ಓಡಿಸಿದ ತಂಡಕ್ಕೆ. ಲ ಮಾನಿನ ದಾರಿಯಲ್ಲಿ ಸೈಕಲ್ಲು ತುಳಿದ ಕ್ಲೆಮೆಂಟ್ ಇದನ್ನು ಒಪ್ಪುತ್ತಿದ್ದನೆಂದು ನಾನು ನಂಬುತ್ತೇನೆ.

ನನ್ನ ಹೊಳೆಯುವ ಗಾಡಿ ಇನ್ನೂ ನನ್ನಲ್ಲೇ ಇದೆ. ಅದರ ಬಣ್ಣ ಮಾಸಿದೆ. ಎರಡನೆಯ ಗೇರಿನಲ್ಲಿ ನರಳುತ್ತದೆ, ಬೇಸಿಗೆಯಲ್ಲಿ ಬಾಯಾರುತ್ತದೆ, ಎಡಗಡೆಯ ಹಿಂಚಕ್ರ ಮಳೆಗಾಲದಲ್ಲಿ ಕಿರುಗುಟ್ಟುತ್ತದೆ. ಕಳೆದ ತಿಂಗಳು ಹೊಸದೊಂದನ್ನು ಕೊಳ್ಳುವ ಮಾತು ಮನೆಯಲ್ಲಿ ಬಂದಾಗ ಮೆಕ್ಯಾನಿಕ್ಕರನ್ನು ಕೇಳಿದೆ. ಅವರು ಬಾನೆಟ್ಟನ್ನು ಮುಚ್ಚಿ, ಕೈ ಒರೆಸಿಕೊಂಡು, “ಈಗ ಯಾಕೆ ಮಾರ್ತೀರಿ ಮೇಷ್ಟ್ರೇ? ಈಗ ತಾನೆ ಅದರ ನೋವೆಲ್ಲ ನಿಮಗೆ ಗೊತ್ತಾಗಿದೆ” ಎಂದರು. ಈ ಸಲ ಧ್ವನಿ ತಿಳಿಯಿತು. ದೀಪಾವಳಿಯ ರಜೆಗೆ ಅದೇ ಗಾಡಿಯಲ್ಲಿ ಮತ್ತೆ ಸಂಪಾಜೆ ಘಾಟಿಯನ್ನು ಏರಬೇಕೆಂದಿದ್ದೇನೆ. ಹಿಂದಿನ ಆಸನದ ಕೆಳಗೆ ಎರಡು ಕ್ಯಾನು ನೀರಿರುತ್ತದೆ.