ಹೆಬ್ಬೆಟ್ಟಿಗೊಂದು ಮನೆ

ನಮ್ಮ ಸೀಮೆಯ ಹಿರಿಯರು ಚಳಿಗೆ ಕೈಗವಸು ತೊಟ್ಟದ್ದನ್ನು ನಾನು ಕಂಡಿಲ್ಲ. ಚಳಿ ಇರಲಿಲ್ಲವೆಂದಲ್ಲ. ಪುಷ್ಯಮಾಸದಲ್ಲಿ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ಬೆಳಗಿನ ಜಾವದಲ್ಲಿ ನೋಡಿದವರಿಗೆ ಅದು ಎಂಥ ಚಳಿಯೆಂಬುದು ಗೊತ್ತು. ಎತ್ತುಗಳ ಪಕ್ಕದಲ್ಲೇ ಹುಲ್ಲು ಹಾಸಿ ಮಲಗಿದ್ದ ರೈತರು ಎದ್ದು ಕುಳಿತು, ತಲೆಯಿಂದ ಮೊಣಕಾಲವರೆಗೆ ಕಂಬಳಿ ಹೊದ್ದು, ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬೆಂಕಿಯ ಮುಂದೆ ಕೂರುತ್ತಿದ್ದರು. ಹಗ್ಗ ಬಿಚ್ಚಬೇಕಾದಾಗ ಕೈ ಹೊರಗೆ ಬರುತ್ತಿತ್ತು; ಬಿಚ್ಚಿದೊಡನೆ ಮತ್ತೆ ಒಳಗೆ ಹೋಗುತ್ತಿತ್ತು.

ಕಂಬಳಿಯು ಕುರುಬ ಸಮುದಾಯದವರ ಕೈಯ ವಿದ್ಯೆ. ಕತ್ತರಿಸಿದ ಕುರಿಯುಣ್ಣೆಯನ್ನು ನೂತು, ಮಗ್ಗದಲ್ಲಿ ನೇಯ್ದು, ಹುಣಸೆ ಬೀಜದ ಗಂಜಿಯನ್ನು ಬಳಸಿ ಬಿಗುಪುಗೊಳಿಸಿದ ಆ ಒರಟು ಹೊದಿಕೆ ಮಳೆಯಲ್ಲಿ ಕೊಪ್ಪೆಯಾಗುತ್ತಿತ್ತು, ರಾತ್ರಿ ಹಾಸಿಗೆಯಾಗುತ್ತಿತ್ತು, ಸಂತೆಯಲ್ಲಿ ಮೂಟೆ ಕಟ್ಟುವ ಬಟ್ಟೆಯೂ ಆಗುತ್ತಿತ್ತು. ಆದರೆ ಅದು ಚಪ್ಪಟೆಯಾದ ವಸ್ತು. ಮೈಯ ಆಕಾರ ಅದಕ್ಕೆ ಬೇಕಿಲ್ಲ. ಮೈಯೇ ಅದರೊಳಗೆ ಮುದುಡಿಕೊಳ್ಳಬೇಕು. ಕಂಬಳಿಗೆ ಹೆಬ್ಬೆರಳಿಲ್ಲ.

ಈ ವಿಷಯವನ್ನು ಬರೆಯುವ ಯೋಚನೆ ಬಂದದ್ದು ಕೆನಡಾದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ. “ಮಿಸ್, ಮಗನಿಗೆ ಕೈಗವಸು ಹೆಣೆದೆ. ಎಲ್ಲ ಸರಿ ಬಂತು, ಹೆಬ್ಬೆರಳು ಮಾತ್ರ ಕೂರುತ್ತಲೇ ಇಲ್ಲ” ಎಂದು ದೂರವಾಣಿಯಲ್ಲಿ ಕೇಳಿದಳು. ನಾನು ಕಲಿಸಿದ ಸಮಾಜ ವಿಜ್ಞಾನದ ಪಾಠಗಳಲ್ಲಿ ಅವಳಿಗೆ ಎಷ್ಟು ನೆನಪಿದೆಯೋ ಕಾಣೆ, ಎಸ್.ಯು.ಪಿ.ಡಬ್ಲ್ಯು. ಅವಧಿಯಲ್ಲಿ ತೆಂಗಿನ ಕಡ್ಡಿಗಳಿಂದ ಹೆಣಿಗೆ ಕಲಿತದ್ದು ಮಾತ್ರ ಚೆನ್ನಾಗಿ ನೆನಪಿದೆ! ಅವಳಿಗೆ ಅಂದೇ ಉತ್ತರ ಹೇಳಿದೆ. ಆದರೆ ಅವಳ ಪ್ರಶ್ನೆಯ ಹಿಂದೆ ಒಂದು ದೊಡ್ಡ ಚರಿತ್ರೆಯೇ ಇದೆ.

ದೊಡ್ಡಬಳ್ಳಾಪುರದಂಥ ಮಗ್ಗದ ಊರಿನ ಮಕ್ಕಳಿಗೆ ಹಾಸು-ಹೊಕ್ಕು ಎಂದರೇನೆಂದು ವಿವರಿಸಬೇಕಾಗಿಲ್ಲ. ನೇಯ್ಗೆಯಲ್ಲಿ ಮೊದಲು ಬಟ್ಟೆ, ಆಮೇಲೆ ಕತ್ತರಿ, ಆಮೇಲೆ ಆಕಾರ. ಹೆಣಿಗೆಯ ದಾರಿ ಬೇರೆ. ಅಲ್ಲಿ ಒಂದೇ ಎಳೆಯು ಕುಣಿಕೆಯೊಳಗೆ ಕುಣಿಕೆಯಾಗಿ ಸಾಗುತ್ತದೆ. ಬಟ್ಟೆ ಹುಟ್ಟುವಾಗಲೇ ಆಕಾರವೂ ಹುಟ್ಟುತ್ತದೆ. ಎರಡು ಕುಣಿಕೆ ಹೆಚ್ಚಿಸಿದರೆ ಅಗಲ, ಇಳಿಸಿದರೆ ಕಿರಿದು. ಈಜಿಪ್ಟಿನಲ್ಲಿ ದೊರೆತಿರುವ ನೀಲಿ-ಬಿಳಿ ಹತ್ತಿನೂಲಿನ ಕಾಲುಚೀಲಗಳು ಈ ವಿದ್ಯೆಯ ಬಹಳ ಹಳೆಯ ಮಾದರಿಗಳಲ್ಲಿ ಸೇರಿವೆ. ಅವು 11ರಿಂದ 14ನೆಯ ಶತಮಾನಗಳ ನಡುವಿನವು. ಉಣ್ಣೆಯ ವಿದ್ಯೆಯೆಂದು ನಾವು ತಿಳಿದಿರುವುದರ ಹಳೆಯ ಸಾಕ್ಷಿ ಸಿಕ್ಕಿದ್ದು ಬಿಸಿಲುನಾಡಿನಲ್ಲಿ, ಅದೂ ಹತ್ತಿಯಲ್ಲಿ!

ನಮ್ಮ ಕಡೆಗೆ ಇದು ಬಂದದ್ದು ದಂಡಿನ ಪ್ರದೇಶ ಮತ್ತು ಮಿಷನ್ ಶಾಲೆಗಳ ಮೂಲಕ. 1809ರಲ್ಲಿ ಬೆಂಗಳೂರಿನ ದಂಡು ಸ್ಥಾಪನೆಯಾಯಿತು. 1840ರ ಸುಮಾರಿಗೆ ಲಂಡನ್ ಮಿಷನ್ನಿನವರು ಬೆಂಗಳೂರಿನಲ್ಲಿ ಕನ್ನಡ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದರು. ಇಂಥ ಶಾಲೆಗಳಲ್ಲಿ ಓದುಬರಹದ ಜೊತೆಗೆ ಸೂಜಿಕೆಲಸವೂ ಇರುತ್ತಿತ್ತು. ನಮ್ಮ ಕುರಿಗಳ ಉಣ್ಣೆ ಕೂದಲಿನಂತೆ ಒರಟು. ಕಂಬಳಿಗೆ ಒಗ್ಗುತ್ತದೆ, ಮಗುವಿನ ಕುಲಾವಿಗೆ ಒಗ್ಗುವುದಿಲ್ಲ. ಆದ್ದರಿಂದ ಹೆಣಿಗೆಯ ನಯವಾದ ಉಲ್ಲನ್ನು ಮೊದಲಿನಿಂದಲೂ ಅಂಗಡಿಯ ಸರಕಾಗಿಯೇ ಉಳಿಯಿತು. 1884ರಲ್ಲಿ ಆರಂಭವಾಗಿ ಮುಂದೆ ಬಿನ್ನಿ ಮಿಲ್ಲೆಂದೇ ಹೆಸರಾದ ಉಣ್ಣೆ-ಹತ್ತಿ ಗಿರಣಿಯು ಸೈನ್ಯಕ್ಕೆ ಕಂಬಳಿಗಳನ್ನು ನೇಯ್ದು ಕೊಡುತ್ತಿತ್ತು. ಇಂದು ಗಿರಣಿಯಿಲ್ಲ, ಬಿನ್ನಿಪೇಟೆಯೆಂಬ ಹೆಸರಿದೆ.

ಕುಲಾವಿ, ಮಫ್ಲರು, ಸ್ವೆಟರು ಇವೆಲ್ಲ ನಮ್ಮ ಮನೆಗಳಿಗೆ ಬೇಗ ಹೊಂದಿಕೊಂಡವು. ಕೈಗವಸು ಹೊಂದಿಕೊಳ್ಳಲಿಲ್ಲ. ಒಂದು ಕಾರಣ, ನಮಗೆ ಅದರ ಅಗತ್ಯವಿರಲಿಲ್ಲ. ಇನ್ನೊಂದು ಕಾರಣ, ಅದನ್ನು ಸರಿಯಾಗಿ ಹೆಣೆಯುವುದು ಕಷ್ಟ.

ಕಷ್ಟವೆಲ್ಲ ಇರುವುದು ಹೆಬ್ಬೆರಳಿನಲ್ಲಿ. ನಾಲ್ಕು ಬೆರಳುಗಳಿಗೂ ಒಂದೇ ಮನೆ, ಹೆಬ್ಬೆರಳಿಗೆ ಮಾತ್ರ ಬೇರೆ ಮನೆ ಇರುವ ಗವಸನ್ನು ಇಂಗ್ಲಿಷಿನವರು ಮಿಟನ್ ಎನ್ನುತ್ತಾರೆ. ಬೆರಳುಗಳು ಒಟ್ಟಿಗಿದ್ದು ಒಂದರ ಕಾವನ್ನು ಇನ್ನೊಂದು ಹಂಚಿಕೊಳ್ಳುವುದರಿಂದ ಐದು ಬೆರಳಿನ ಗವಸಿಗಿಂತ ಇದು ಹೆಚ್ಚು ಬೆಚ್ಚಗೆ. ಹೆಬ್ಬೆರಳು ಉಳಿದವುಗಳ ಸಾಲಿನಲ್ಲಿ ನಿಂತಿಲ್ಲ. ಅಂಗೈಯ ಬುಡದಿಂದ ಒಂದು ದಿಂಡಿನಂತೆ ಎದ್ದು, ಪಕ್ಕಕ್ಕೆ ತಿರುಗಿ, ಇತರ ಬೆರಳುಗಳಿಗೆ ಎದುರಾಗಿ ನಿಲ್ಲುತ್ತದೆ. ನಾವು ಹಿಡಿಯುವುದು, ಬರೆಯುವುದು, ಗಂಟು ಹಾಕುವುದು ಎಲ್ಲವೂ ಆ ಎದುರುನಿಲುವಿನಿಂದಲೇ. ದ್ರೋಣಾಚಾರ್ಯರು ಏಕಲವ್ಯನಿಂದ ಬೇರಾವ ಬೆರಳನ್ನೂ ಕೇಳಲಿಲ್ಲ.

ಆದ್ದರಿಂದ ಕೊಳವೆಯಂಥ ಗವಸನ್ನು ಹೆಣೆದು, ಪಕ್ಕದಲ್ಲಿ ಸೀಳು ಬಿಟ್ಟು, ಅಲ್ಲೊಂದು ಸಣ್ಣ ಕೊಳವೆ ಅಂಟಿಸಿದರೆ ಕೈ ಬಿಡಿಸಿದಾಗಲೆಲ್ಲ ಅಂಗೈ ಜಗ್ಗುತ್ತದೆ. ಬಲ್ಲವರು ಮಾಡುವುದು ಹೀಗೆ. ಎರಡೂ ತುದಿ ಚೂಪಾದ ಕಡ್ಡಿಗಳಲ್ಲಿ, ಅಂಗುಲಕ್ಕೆ 6 ಕುಣಿಕೆ ಬರುವ ಹೆಣಿಗೆಯಾದರೆ, ದೊಡ್ಡವರ ಕೈಗೆ 48 ಕುಣಿಕೆ. ಮಣಿಕಟ್ಟಿನ ಪಟ್ಟಿಯನ್ನು ಒಂದು ಉಲ್ಟಾ ಒಂದು ಸೀದಾ ಹೆಣೆದು ಬಿಗಿಯಾಗಿಟ್ಟುಕೊಳ್ಳಬೇಕು. ಅದು ಮುಗಿದ ಕೂಡಲೇ ಒಂದು ಕುಣಿಕೆಯನ್ನು ಗುರುತಿಟ್ಟು, ಪ್ರತಿ ಮೂರನೆಯ ಸುತ್ತಿನಲ್ಲಿ ಅದರ ಎಡಬಲಕ್ಕೆ ಒಂದೊಂದು ಕುಣಿಕೆ ಹೆಚ್ಚಿಸುತ್ತ ಹೋಗಬೇಕು: 1, 3, 5, 7 ಎಂದು 17ರವರೆಗೆ. ಮೂರು ಅಂಗುಲದಲ್ಲಿ ಬಾಳೆಹೂವಿನ ಎಸಳಿನಂಥ ಒಂದು ಮುಮ್ಮೂಲೆ ಅರಳುತ್ತದೆ. ಹೆಬ್ಬೆರಳ ಬುಡದ ದಿಂಡು ಕೂರುವುದು ಅಲ್ಲಿ. ಕೈಯ ಕುಣಿಕೆಗಳ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು ಹೆಬ್ಬೆರಳಿಗೆ ಬೇಕು ಎಂಬುದು ಲೆಕ್ಕ. ಆ 17ನ್ನು ಒಂದು ದಾರಕ್ಕೆ ಪೋಣಿಸಿ ಬದಿಗಿಟ್ಟು, ಅವುಗಳ ಜಾಗದಲ್ಲಿ ಹೊಸದೊಂದು ಕುಣಿಕೆ ಹಾಕಿ ಮತ್ತೆ 48ರಲ್ಲಿ ಕೈಯನ್ನು ಮುಗಿಸಬೇಕು. ಕೊನೆಗೆ ಹಿಂದಿರುಗಿ, ಸಂದಿಯಲ್ಲಿ ತೂತು ಉಳಿಯದಂತೆ ಒಂದೆರಡು ಕುಣಿಕೆ ಹೆಚ್ಚಾಗಿ ಎತ್ತಿಕೊಂಡು ಹೆಬ್ಬೆರಳನ್ನು ಹೆಣೆಯಬೇಕು. ಹೆಚ್ಚಿನವರು ಆತುರಪಡುವುದು ಈ ಸಂದಿಯಲ್ಲಿ. ಚಳಿಗಾಳಿ ನುಗ್ಗುವುದೂ ಅಲ್ಲೇ.

ಹಿಮದ ದೇಶಗಳಲ್ಲಿ ಇದು ಹೆಣ್ಣುಮಕ್ಕಳ ಮನೆವಿದ್ಯೆ. ಲಾಟ್ವಿಯಾದಲ್ಲಿ ಮದುವಣಗಿತ್ತಿ ತಾನೇ ಹೆಣೆದ ಗವಸುಗಳನ್ನು ಗಂಡನ ಮನೆಯವರಿಗೆ ಉಡುಗೊರೆ ಕೊಡುವ ಪದ್ಧತಿಯಿತ್ತು. 2006ರಲ್ಲಿ ಅದರ ರಾಜಧಾನಿ ರೀಗಾದಲ್ಲಿ ನ್ಯಾಟೋ ಶೃಂಗಸಭೆ ನಡೆದಾಗ ಅತಿಥಿಗಳಿಗಾಗಿ 4,500 ಜೊತೆ ಗವಸುಗಳನ್ನು ಕೈಯಲ್ಲೇ ಹೆಣೆಸಿದ್ದರು.

ಯುದ್ಧಕ್ಕೂ ಈ ಹೆಣಿಗೆಗೂ ನಂಟು ಹಳೆಯದು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಬ್ರಿಟನ್ನಿನ ರಾಣಿ ಮೇರಿ ಸೈನಿಕರಿಗಾಗಿ 3,00,000 ಜೊತೆ ಕಾಲುಚೀಲಗಳನ್ನು ಬೇಡಿದರು. ಬಂದೂಕಿನ ಕುದುರೆ ಎಳೆಯಲು ತೋರುಬೆರಳಿಗೂ ಪ್ರತ್ಯೇಕ ಮನೆಯಿರುವ ಗವಸಿನ ಮಾದರಿಗಳು ಆ ಕಾಲದಲ್ಲಿ ಹರಡಿದವು. ಅದೇ ಚಳಿಗಾಲದಲ್ಲಿ ಫ್ರಾನ್ಸಿನ ಕಂದಕಗಳಿಗೆ ಹೋದ ಭಾರತೀಯ ಸೈನಿಕರು ಮೊದಮೊದಲು ತೊಟ್ಟಿದ್ದುದು ತೆಳುವಾದ ಹತ್ತಿಯ ಸಮವಸ್ತ್ರ. ಇದರಿಂದ ಆಳುವವರು ಪಾಠ ಕಲಿಯಬೇಕಿತ್ತು. 48 ವರ್ಷಗಳ ನಂತರ, ನಮ್ಮದೇ ಸರ್ಕಾರವಿದ್ದಾಗ, ನಮ್ಮದೇ ಗಡಿಯಲ್ಲಿ ಅದೇ ಕಥೆ ಮರುಕಳಿಸಿತು.

1962ರ ಅಕ್ಟೋಬರ್ 20ರಂದು ಚೀನಾ ಆಕ್ರಮಣ ಮಾಡಿದಾಗ ನಾಮ್ಕಾ ಚು ಕಣಿವೆಯಲ್ಲಿದ್ದ ನಮ್ಮ 7ನೆಯ ಬ್ರಿಗೇಡಿನ ಅನೇಕರ ಮೈಮೇಲೆ ಇದ್ದುದು ಬೇಸಗೆಯ ಉಡುಪು. ಅದರ ನಾಯಕ ಬ್ರಿಗೇಡಿಯರ್ ಜಾನ್ ದಳವಿ ಶತ್ರುವಿಗೆ ಸೆರೆಸಿಕ್ಕಿ, ಬಿಡುಗಡೆಯಾಗಿ ಬಂದ ಮೇಲೆ 1969ರಲ್ಲಿ ಪ್ರಕಟಿಸಿದ ಗ್ರಂಥವನ್ನು ರವಿ ಬೆಳಗೆರೆಯವರು ‘ಹಿಮಾಲಯನ್ ಬ್ಲಂಡರ್’ ಎಂದೇ ಕನ್ನಡಕ್ಕೆ ತಂದಿದ್ದಾರೆ. ನಿಮ್ಮಲ್ಲಿ ಹಲವರು ಓದಿರಬಹುದು. ಸಾಮಾನು ಕಳುಹಿಸಬೇಕಾದವರು ಕಳುಹಿಸದೆ ಹೋದಾಗ ದೇಶದ ಹೆಂಗಸರು ಕಡ್ಡಿ ಹಿಡಿದರು. ಊರೂರುಗಳಲ್ಲಿ, ಶಾಲೆಗಳಲ್ಲಿ, ರೈಲಿನಲ್ಲಿ ಕುಳಿತು ಜವಾನರಿಗಾಗಿ ಸ್ವೆಟರು, ಕಾಲುಚೀಲ, ಕೈಗವಸುಗಳನ್ನು ಹೆಣೆದರು.

ನನ್ನ ದೊಡ್ಡಮ್ಮ ಆಗ ಹತ್ತೊಂಬತ್ತು ವರ್ಷದ ಹೊಸ ಮದುಮಗಳು. ದೊಡ್ಡಪ್ಪನಿಂದ ಚಿಕ್ಕಪೇಟೆಯಲ್ಲಿ ಹಸಿರು ಉಲ್ಲನ್ ತರಿಸಿದರಂತೆ. ಕಡ್ಡಿ ಸಾಲದೆ ಸೈಕಲ್ ಚಕ್ರದ ಕಡ್ಡಿಗಳನ್ನು ಉಜ್ಜಿ ಚೂಪು ಮಾಡಿಕೊಂಡರು. ಅಕ್ಕಪಕ್ಕದ ಹೆಂಗಸರು ಏಳೆಂಟು ಮಂದಿ ಸೇರುತ್ತಿದ್ದರು. ಅವರಲ್ಲಿ ಅರ್ಧದಷ್ಟು ಜನ ಕಾಗದಪತ್ರಕ್ಕೆ ಹೆಬ್ಬೆಟ್ಟು ಒತ್ತುವವರು. ಓದು ಬಾರದವರನ್ನು ನಮ್ಮ ತಾಲ್ಲೂಕಿನಲ್ಲಿ ‘ಹೆಬ್ಬೆಟ್ಟು’ ಎಂದೇ ಹೀಯಾಳಿಸುತ್ತಿದ್ದ ಕಾಲವದು. ಆ ಹೆಬ್ಬೆಟ್ಟುಗಳೇ ಒಂದು ಕುಣಿಕೆಯೂ ತಪ್ಪದಂತೆ 17ರವರೆಗೆ ಏರಿಸಿ ಗವಸಿನ ಹೆಬ್ಬೆಟ್ಟನ್ನು ಹೆಣೆದವು. ಇವರಾರೂ ಹಿಮ ಕಂಡವರಲ್ಲ. ಸಿಪಾಯಿಯ ಕೈ ಎಷ್ಟು ದೊಡ್ಡದಿರಬಹುದೆಂದು ಚರ್ಚೆ ನಡೆದು, ಪಕ್ಕದ ಮನೆಯ ಮಗ್ಗದ ಯಜಮಾನರ ಕೈಯನ್ನು ಹಲಗೆಯ ಮೇಲೆ ಇಡಿಸಿ, ಸುತ್ತ ಬಳಪದಲ್ಲಿ ಗೆರೆ ಎಳೆದು ಅದನ್ನೇ ಅಳತೆಯಾಗಿಟ್ಟುಕೊಂಡರಂತೆ. ನಾನು ಹೆಣಿಗೆ ಕಲಿಯುವಾಗ ದೊಡ್ಡಮ್ಮ ಸಂದಿಯಲ್ಲಿ ತೂತು ಬಿಟ್ಟದ್ದನ್ನು ಒಪ್ಪುತ್ತಲೇ ಇರಲಿಲ್ಲ. “ಹೆಬ್ಬೆಟ್ಟು ಸರಿಯಾಗಿ ಕೂರದಿದ್ರೆ ಅವನು ಬಂದೂಕು ಹಿಡಿಯೋಕೆ ಗವಸು ತೆಗೀತಾನೆ ಕಣಮ್ಮ. ತೆಗೆದ ಮೇಲೆ ನೀನು ಹೆಣೆದು ಏನು ಬಂತು?” ಎನ್ನುತ್ತಿದ್ದರು.

ಅವರ ಮಾತಿನ ತೂಕ ನನಗೆ ತಿಳಿದದ್ದು ರೆಜಾಂಗ್ ಲಾ ಕದನದ ವಿವರ ಓದಿದಾಗ. 1962ರ ನವೆಂಬರ್ 18ರಂದು ಲಡಾಖಿನಲ್ಲಿ, 16,000 ಅಡಿಗೂ ಮೇಲೆ, ಮೇಜರ್ ಶೈತಾನ್ ಸಿಂಗರ ನೇತೃತ್ವದ 13 ಕುಮಾವ್ ದಳದ ಒಂದು ಕಂಪನಿ ಕೊನೆಯವರೆಗೆ ಹೋರಾಡಿತು. ಸತ್ತವರು ನೂರಕ್ಕೂ ಹೆಚ್ಚು. ಮರುವರ್ಷ ಹಿಮ ಸರಿದಾಗ ದೇಹಗಳನ್ನು ಮೊದಲು ಕಂಡವನು ಒಬ್ಬ ಕುರಿಗಾಹಿ. ಹಲವರ ಕೈಯಲ್ಲಿ ಆಯುಧಗಳು ಹಿಡಿದಂತೆಯೇ ಹೆಪ್ಪುಗಟ್ಟಿದ್ದವು.

ಹಿಮದ ಯುದ್ಧಭೂಮಿ ಕನ್ನಡಿಗರಿಗೆ ದೂರದ್ದಲ್ಲ. 1948ರ ನವೆಂಬರ್ 1ರಂದು 11,000 ಅಡಿಗೂ ಎತ್ತರದ ಜೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿದವರು ಕೊಡಗಿನ ತಿಮ್ಮಯ್ಯನವರು. 1984ರ ಏಪ್ರಿಲ್ 13ರಿಂದ ನಮ್ಮ ಸೈನ್ಯ ಕಾವಲಿರುವ ಸಿಯಾಚಿನ್‌ನಲ್ಲಿ ಬರಿಗೈಯಿಂದ ಲೋಹ ಮುಟ್ಟಿದರೆ ಚರ್ಮ ಅಂಟಿ ಕಿತ್ತುಬರುತ್ತದೆ. ಅಲ್ಲಿಗೆ ಮನೆಯ ಹೆಣಿಗೆ ಸಾಲದು, ಪದರ ಪದರವಾದ ವಿಶೇಷ ಗವಸುಗಳೇ ಬೇಕು. 2016ರ ಫೆಬ್ರುವರಿ 3ರಂದು ಅಲ್ಲಿ ಹಿಮ ಕುಸಿದು ಹತ್ತು ಮಂದಿ ಸಿಲುಕಿದರು. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರನೆಯ ದಿನ ಜೀವಂತವಾಗಿ ಸಿಕ್ಕಿ, 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಮೂರು ದಿನ ನಮ್ಮ ಬೀದಿಯಲ್ಲಿ ಟಿ.ವಿ. ಆರಿಸಿದ ಮನೆ ಇರಲಿಲ್ಲ.

ಅದೇ ಗಡಿಯಾಚೆಯಿಂದ ಬಂದವರು ಇಂದು ನಮಗೆ ಉಲ್ಲನ್ ಮಾರುತ್ತಾರೆ. 1959ರ ನಂತರ ಆಶ್ರಯ ಬೇಡಿ ಬಂದ ಟಿಬೆಟನ್ನರಿಗೆ ಅಂದಿನ ಮೈಸೂರು ರಾಜ್ಯವು ಬೈಲಕುಪ್ಪೆಯಲ್ಲಿ ಭೂಮಿ ಕೊಟ್ಟಿತು. ಚಳಿಗಾಲ ಬಂದರೆ ಅವರಲ್ಲಿ ಅನೇಕರು ಲುಧಿಯಾನದಿಂದ ಸರಕು ತರಿಸಿ ಪಟ್ಟಣಗಳಲ್ಲಿ ಸ್ವೆಟರು ಅಂಗಡಿ ಹಾಕುತ್ತಾರೆ. ಅಂಥದೊಂದು ಅಂಗಡಿಯಲ್ಲಿ ಯಂತ್ರದಲ್ಲಿ ಹೆಣೆದ ಗವಸು ಕೊಂಡೆ. ನೋಡಲು ಅಂದ, ಹೆಬ್ಬೆರಳು ಮಾತ್ರ ಪಕ್ಕಕ್ಕೆ ಅಂಟಿಸಿದ ಕೊಳವೆ. ಎಂಬತ್ತು ದಾಟಿದ ದೊಡ್ಡಮ್ಮನ ಕೈಗೆ ಕೊಟ್ಟೆ. ಕನ್ನಡಕ ಏರಿಸಿ, ಬುಡವನ್ನು ಜಗ್ಗಿ ನೋಡಿ, “ಇದಕ್ಕೆ ಯಾರ ಕೈ ಅಳತೆ ತಗೊಂಡ್ರು?” ಎಂದು ಕೇಳಿದರು.