ಪೂರಕದ ಕೊರತೆ ಮತ್ತು ರೋಗ: ಒಂದು ಚಾರಿತ್ರಿಕ ವಿವೇಚನೆ

ದೇಹದಲ್ಲಿ ಒಂದು ದ್ರವ್ಯವು ಮಾಡುವ ಕಾರ್ಯವನ್ನು, ಅದು ಇಲ್ಲದೆಯೇ ಹುಟ್ಟಿದವರಿಂದ ಅರಿತುಕೊಂಡ ನಿದರ್ಶನಗಳು ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ವಿರಳವಲ್ಲ. ರಕ್ತದಲ್ಲಿರುವ ‘ಪೂರಕ’ವೆಂಬ ಪ್ರೋಟೀನುಗಳ ಸಮೂಹವು ಇದಕ್ಕೊಂದು ಒಳ್ಳೆಯ ಉದಾಹರಣೆ. ರೋಗಾಣುಗಳನ್ನು ನಾಶಮಾಡುವ ಈ ದ್ರವ್ಯದ ಕೊರತೆಯುಳ್ಳವನು ಸಕಲ ಸೋಂಕುಗಳಿಗೂ ತುತ್ತಾಗುವನೆಂದು ಊಹಿಸುವುದು ಸಹಜ. ಆದರೆ ಕಂಡುಬಂದ ಸಂಗತಿ ಅಷ್ಟು ಸರಳವಾಗಿರಲಿಲ್ಲ. ಕೆಲವರು ಆರೋಗ್ಯವಂತರಾಗಿಯೇ ಇದ್ದರು. ಕೆಲವರು ಒಂದೇ ಜಾತಿಯ ರೋಗಾಣುವಿಗೆ ಮತ್ತೆ ಮತ್ತೆ ಈಡಾದರು. ಇನ್ನು ಕೆಲವರ ದೇಹವು ತನ್ನ ಮೇಲೆಯೇ ತಿರುಗಿಬಿದ್ದಿತು. ಈ ವೈಪರೀತ್ಯದ ಅರ್ಥವು ಕ್ರಮೇಣ ಹೇಗೆ ತಿಳಿದುಬಂದಿತೆಂಬುದನ್ನು ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

ತಾಜಾ ರಕ್ತಕ್ಕೆ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಶಕ್ತಿಯುಂಟೆಂಬುದನ್ನೂ ಕಾಯಿಸಿದರೆ ಆ ಶಕ್ತಿ ಅಳಿಯುವುದೆಂಬುದನ್ನೂ 1888ರಲ್ಲಿ ಜಾರ್ಜ್ ನಟಾಲ್ ಗಮನಿಸಿದನು. ಮರುವರ್ಷ ಹಾನ್ಸ್ ಬುಕ್ನರ್ ಇದನ್ನು ಸೀರಮ್ ಎಂಬ ತಿಳಿದ್ರವದಲ್ಲಿ ಗುರುತಿಸಿ, ಮುಂದೆ ‘ಅಲೆಕ್ಸಿನ್’ ಎಂದು ಹೆಸರಿಸಿದನು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಮೆಚ್ನಿಕಾಫನ ಬಳಿ ಕೆಲಸಮಾಡುತ್ತಿದ್ದ ಬೆಲ್ಜಿಯಂ ದೇಶದ ತರುಣ ಜೂಲ್ ಬಾರ್ಡೆ 1895ರಲ್ಲಿ ಇನ್ನೂ ಮುಂದಕ್ಕೆ ಹೋದನು. ಕಾಲರಾ ರೋಗಾಣುಗಳನ್ನು ಕರಗಿಸಬಲ್ಲ ಸೀರಮನ್ನು ಕಾಯಿಸಿದಾಗ ಅದು ನಿಷ್ಫಲವಾಯಿತು. ರೋಗವನ್ನೇ ಕಾಣದ ಪ್ರಾಣಿಯ ತಾಜಾ ಸೀರಮನ್ನು ಸ್ವಲ್ಪ ಬೆರೆಸಿದೊಡನೆ ಶಕ್ತಿ ಮರಳಿತು. ಶಾಖವನ್ನು ತಾಳಿಕೊಳ್ಳುವ ಪ್ರತಿಕಾಯ ಒಂದು, ತಾಳಲಾರದ ಸಹಾಯಕ ದ್ರವ್ಯ ಮತ್ತೊಂದು ಎಂಬುದು ಇದರಿಂದ ಸ್ಥಿರಪಟ್ಟಿತು. ಎರಡನೆಯದಕ್ಕೆ ‘ಪೂರಕ’ವೆಂಬ ಅರ್ಥದ ಹೆಸರನ್ನು ಕೊಟ್ಟವನು ಪಾಲ್ ಏರ್ಲಿಕ್. ಬಾರ್ಡೆಗೆ 1919ರ ನೊಬೆಲ್ ಪಾರಿತೋಷಕ ಸಂದಿತು.

ಪೂರಕವು ಒಂದೇ ವಸ್ತುವಲ್ಲವೆಂಬುದು 1907ರಲ್ಲಿ ಫೆರಾಟನ ಪ್ರಯೋಗಗಳಿಂದ ತಿಳಿಯಿತು. 1926ರ ವೇಳೆಗೆ ನಾಲ್ಕು ಘಟಕಗಳು ಗೊತ್ತಾಗಿದ್ದುವು. ಅವುಗಳಿಗೆ ಸಂಖ್ಯೆ ಬಂದುದು ಪತ್ತೆಯಾದ ಅನುಕ್ರಮದಲ್ಲಿ. ಆದುದರಿಂದಲೇ ಕಾರ್ಯದಲ್ಲಿ ಸಿ-4 ಎಂಬುದು ಸಿ-2ಕ್ಕಿಂತ ಮೊದಲು ಬರುತ್ತದೆ. ಈ ನಡುವೆ 1919ರಲ್ಲಿ ಅಮೆರಿಕದ ಮೂರ್ ಎಂಬ ಸಂಶೋಧಕನು ಪೂರಕದ ಶಕ್ತಿಯೇ ಇಲ್ಲದ ಗಿನಿಹಂದಿಗಳನ್ನು ವರ್ಣಿಸಿದನು. ಕೊರತೆಯು ವಂಶಪಾರಂಪರ್ಯವಾಗಿ ಬರುವುದೆಂಬುದು ಆಗಲೇ ತೋರಿತ್ತು. ಆದರೆ ಆ ತಳಿ ಉಳಿಯಲಿಲ್ಲ. ಅದರ ಪೂರ್ಣ ಪಾಠವನ್ನು ಕಲಿಯುವ ಸಾಧನಗಳೂ ಅಂದು ಇರಲಿಲ್ಲ.

1954ರಲ್ಲಿ ಕ್ಲೀವ್‌ಲೆಂಡಿನ ಲೂಯಿ ಪಿಲ್ಲೆಮರ್ ಮತ್ತು ಆತನ ಸಹೋದ್ಯೋಗಿಗಳು ‘ಪ್ರಾಪರ್ಡಿನ್’ ಎಂಬ ಹೊಸ ಪ್ರೋಟೀನನ್ನು ಪ್ರಕಟಪಡಿಸಿದರು. ಪ್ರತಿಕಾಯದ ನೆರವಿಲ್ಲದೆಯೇ ಪೂರಕವನ್ನು ಕೆಲಸಕ್ಕೆ ತೊಡಗಿಸುವ ಮಾರ್ಗವೊಂದುಂಟೆಂಬುದು ಅವರ ವಾದ. ಇದು ಮೊದಲು ವಿಶೇಷ ಉತ್ಸಾಹವನ್ನೂ ತರುವಾಯ ತೀವ್ರ ಸಂದೇಹವನ್ನೂ ಹುಟ್ಟಿಸಿತು. ಪಿಲ್ಲೆಮರ್ ಕಂಡುದೆಲ್ಲ ಅತ್ಯಲ್ಪ ಪ್ರಮಾಣದ ಪ್ರತಿಕಾಯಗಳ ಪರಿಣಾಮವಾಗಿರಬಹುದೆಂದು ರಾಬರ್ಟ್ ನೆಲ್ಸನ್ 1958ರಲ್ಲಿ ಪ್ರತಿಪಾದಿಸಿದನು. ಉತ್ತರ ಕೊಡಲು ಪಿಲ್ಲೆಮರ್ ಇರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದನು. ಸುಮಾರು ಹತ್ತು ವರ್ಷಗಳ ಕಾಲ ಆತನ ಸಿದ್ಧಾಂತಕ್ಕೆ ಮನ್ನಣೆ ಇಲ್ಲವಾಯಿತು.

ಆ ಸಿದ್ಧಾಂತವನ್ನು ಮತ್ತೆ ಎತ್ತಿಹಿಡಿಯುವುದರಲ್ಲಿ ಆನುವಂಶಿಕ ಕೊರತೆಯ ಪಾತ್ರ ಹಿರಿದು. 1960ರಲ್ಲಿ ಆರ್ಥರ್ ಸಿಲ್ವರ್‌ಸ್ಟೈನ್ ಪೂರಕದ ಶಕ್ತಿ ತೀರ ಕಡಮೆಯಾಗಿದ್ದ ವ್ಯಕ್ತಿಯೊಬ್ಬನ ವಿಷಯವನ್ನು ಪ್ರಕಟಿಸಿದನು. ಆದರೆ ಆ ವ್ಯಕ್ತಿ ಆರೋಗ್ಯವಾಗಿದ್ದನು. ಸಿ-2ರ ಕೊರತೆಯು ಕುಟುಂಬಗಳಲ್ಲಿ ಇಳಿದುಬರುವುದೆಂಬುದನ್ನು 1966ರಲ್ಲಿ ಕ್ಲೆಂಪರರ್ ಮತ್ತಿತರರು ತೋರಿಸಿದರು. ಪೂರಕವು ಜೀವರಕ್ಷಕವಾದರೆ ಇಂಥವರು ಬದುಕಿದುದು ಹೇಗೆ? 1970ರಲ್ಲಿ ಅಮೆರಿಕದಲ್ಲಿ ಎಲ್‌ಮನ್, ಗ್ರೀನ್ ಮತ್ತು ಫ್ರಾಂಕ್ ಎಂಬವರು ಸಿ-4 ಇಲ್ಲದ ಗಿನಿಹಂದಿಗಳನ್ನು ವರ್ಣಿಸಿದರು. ಬಾರ್ಡೆ ಕಂಡ ಮಾರ್ಗ ಈ ಪ್ರಾಣಿಗಳಲ್ಲಿ ಮುಚ್ಚಿಹೋಗಿತ್ತು. ಆದರೂ ಬ್ಯಾಕ್ಟೀರಿಯಾಗಳ ವಿಷದ್ರವ್ಯವನ್ನು ಸೇರಿಸಿದಾಗ ಅವುಗಳ ಸೀರಮಿನಲ್ಲಿ ಸಿ-3ರಿಂದ ಮುಂದಿನ ಘಟಕಗಳು ವ್ಯಯವಾದುವು. ಎರಡನೆಯ ದಾರಿಯೊಂದು ಇದ್ದೇ ಇತ್ತು. 1982ರಲ್ಲಿ ಸ್ವೀಡನ್ನಿನ ಕುಟುಂಬವೊಂದರಲ್ಲಿ ಪ್ರಾಪರ್ಡಿನ್ ಇಲ್ಲದ ಗಂಡಸರು ಉಗ್ರವಾದ ಮೆನಿಂಗೊಕಾಕಸ್ ಸೋಂಕಿಗೆ ಈಡಾದುದು ವರದಿಯಾಯಿತು. ಪಿಲ್ಲೆಮರನ ಪ್ರೋಟೀನು ಎಷ್ಟು ಅಗತ್ಯವೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿರಲಿಲ್ಲ. ಆದರೆ ಆ ಸಾಕ್ಷ್ಯಕ್ಕೆ ಒಂದು ಮನೆತನವು ತೆತ್ತ ಬೆಲೆಯನ್ನೂ ನಾವು ಮರೆಯಲಾಗದು.

ಎರಡು ದಾರಿಗಳೂ ಕೂಡುವುದು ಸಿ-3ರಲ್ಲಿ. ಆದುದರಿಂದ ಅದರ ಕೊರತೆಯೇ ಅತ್ಯಂತ ಕಠಿಣವಾದುದು: 1972ರಲ್ಲಿ ಆಲ್ಪರ್ ಮತ್ತಿತರರು ವರ್ಣಿಸಿದ ರೋಗಿಗೆ ಕೀವುಗೂಡಿಸುವ ಸೋಂಕುಗಳು ಪದೇ ಪದೇ ತಗಲಿದ್ದುವು. ಸಿ-5ರಿಂದ ಸಿ-9ರವರೆಗಿನ ಘಟಕಗಳು ಕೂಡಿ ರೋಗಾಣುವಿನ ಹೊರಪೊರೆಯಲ್ಲಿ ರಂಧ್ರವನ್ನು ಕೊರೆಯುತ್ತವೆ. ಅವು ಇಲ್ಲದವರಿಗೆ ಸಾಮಾನ್ಯ ಸೋಂಕುಗಳಿಂದ ವಿಶೇಷ ಬಾಧೆಯಿಲ್ಲ. ಮಿದುಳುಪೊರೆಯ ಉರಿಯೂತವನ್ನು ತರುವ ನೈಸೀರಿಯ ಜಾತಿಯ ಬ್ಯಾಕ್ಟೀರಿಯಾ ಮಾತ್ರ ಅವರಿಗೆ ಸಾವಿರ ಪಾಲಿಗೂ ಮಿಗಿಲಾಗಿ ಅಪಾಯಕಾರಿ. ಜಪಾನಿನಲ್ಲಿ ಸುಮಾರು ಸಾವಿರಕ್ಕೊಬ್ಬರಲ್ಲಿ ಸಿ-9 ಇಲ್ಲ. ಆದರೂ ಅವರಲ್ಲಿ ಬಹುಮಂದಿ ಆರೋಗ್ಯವಂತರೇ.

ಎಲ್ಲಕ್ಕಿಂತ ವಿಸ್ಮಯಕರವಾದುದು ಆರಂಭದ ಘಟಕಗಳ ಕೊರತೆ. ಲೂಪಸ್ ಎಂಬ ವ್ಯಾಧಿಯಲ್ಲಿ ದೇಹವು ತನ್ನ ಜೀವಕೋಶಗಳ ತಿರುಳಿನ ಮೇಲೆಯೇ ಪ್ರತಿಕಾಯಗಳನ್ನು ತಯಾರಿಸಿಕೊಳ್ಳುತ್ತದೆ. ಚರ್ಮ, ಕೀಲು, ಮೂತ್ರಪಿಂಡಗಳು ಕೆಡುತ್ತವೆ. ಈ ಹಾನಿಯಲ್ಲಿ ಪೂರಕಕ್ಕೂ ಪಾತ್ರವುಂಟೆಂದು ಮೊದಲೇ ತಿಳಿದಿದ್ದುದರಿಂದ, ಪೂರಕವಿಲ್ಲದವನು ಲೂಪಸಿನಿಂದ ಪಾರಾಗಬೇಕೆಂಬುದು ತರ್ಕ. ನಡೆದುದು ಇದಕ್ಕೆ ವಿರುದ್ಧ. ಸಿ-1ರ ಅಂಗವಾದ ಸಿ1ಕ್ಯೂ ಸಂಪೂರ್ಣವಾಗಿ ಇಲ್ಲದವರಲ್ಲಿ ನೂರಕ್ಕೆ ಸುಮಾರು 90 ಮಂದಿಯೂ, ಸಿ-4 ಇಲ್ಲದವರಲ್ಲಿ ಸುಮಾರು 75 ಮಂದಿಯೂ ಲೂಪಸಿಗೆ ಅಥವಾ ಅದನ್ನು ಹೋಲುವ ವ್ಯಾಧಿಗೆ ಗುರಿಯಾದರು. ಸಿ-2ರ ಕೊರತೆಯಲ್ಲಿ ಈ ಪ್ರಮಾಣ ಬಹಳ ಕಡಮೆ. ಇದಕ್ಕೆ ಒಂದು ವಿವರಣೆಯು 1998ರಲ್ಲಿ ಲಂಡನ್ನಿನ ಬಾಟೊ, ವಾಲ್‌ಪೋರ್ಟ್ ಮುಂತಾದವರಿಂದ ದೊರೆಯಿತು. ಸಿ1ಕ್ಯೂ ಇಲ್ಲದಂತೆ ಮಾಡಿದ ಇಲಿಗಳ ಮೂತ್ರಪಿಂಡಗಳಲ್ಲಿ ಸತ್ತ ಜೀವಕೋಶಗಳು ವಿಲೇವಾರಿಯಾಗದೆ ಶೇಖರವಾಗಿದ್ದುವು. ಪೂರಕವು ಯೋಧ ಮಾತ್ರವಲ್ಲ, ಜಾಡಮಾಲಿಯೂ ಹೌದು. ಕಸ ಗುಡಿಸುವವರಿಲ್ಲದ ಮನೆಯಲ್ಲಿ ಕಸವೇ ಕಲಹಕ್ಕೆ ಕಾರಣವಾಗುವಂತೆ, ತೆರವಾಗದ ಮೃತಕೋಶಗಳು ದೇಹದ ರೋಷಕ್ಕೆ ಗುರಿಯಾಗುತ್ತವೆ.

ಪೂರಕವನ್ನು ಹತೋಟಿಯಲ್ಲಿಡುವ ಪ್ರೋಟೀನುಗಳ ಕೊರತೆಯೂ ಅಷ್ಟೇ ಘೋರ. ಗಂಟಲು ಊದಿ ಉಸಿರುಕಟ್ಟಿಸುವ ಆನುವಂಶಿಕ ಬಾವನ್ನು ಆಸ್ಲರ್ 1888ರಲ್ಲೇ ಒಂದು ಮನೆತನದ ಐದು ತಲೆಮಾರುಗಳಲ್ಲಿ ಗುರುತಿಸಿದ್ದನು. ಸಿ-1ನ್ನು ತಡೆಯುವ ಪ್ರೋಟೀನಿನ ಲೋಪವೇ ಅದರ ಮೂಲವೆಂದು ಡೊನಾಲ್ಡ್‌ಸನ್ ಮತ್ತು ಇವಾನ್ಸ್ ತಿಳಿಸಿದುದು 1963ರಲ್ಲಿ. ನಡುವೆ ಕಳೆದುದು 75 ವರ್ಷ.

ಈ ಚರಿತ್ರೆಯು ಕೇವಲ ಕುತೂಹಲದ ವಿಷಯವಲ್ಲ. 2007ರಲ್ಲಿ ಅಮೆರಿಕದಲ್ಲಿ ಸಮ್ಮತಿ ಪಡೆದ ಎಕ್ಯುಲಿಜುಮಾಬ್ ಎಂಬ ಔಷಧವು ಸಿ-5ನ್ನು ತಡೆದು, ಕೆಂಪು ರಕ್ತಕಣಗಳು ಒಡೆಯುವ ಒಂದು ವ್ಯಾಧಿಯನ್ನು ಹತೋಟಿಗೆ ತರುತ್ತದೆ. ಸಿ-5 ಇಲ್ಲದೆ ಹುಟ್ಟಿದವರ ಪಾಡು ಗೊತ್ತಿದ್ದುದರಿಂದಲೇ, ಈ ಔಷಧವನ್ನು ಪಡೆಯುವವರಿಗೆ ಮುಂಚಿತವಾಗಿ ಮೆನಿಂಗೊಕಾಕಸ್ ಲಸಿಕೆ ಹಾಕುವ ನಿಯಮ ಬಂದಿತು. ಆನುವಂಶಿಕ ಕೊರತೆಯುಳ್ಳವರಿಗೂ ಇದೇ ಲಸಿಕೆ ರಕ್ಷೆ. ಮಿದುಳುಪೊರೆಯ ಉರಿಯೂತವು ಒಬ್ಬನಲ್ಲಿ ಎರಡನೆಯ ಸಲ ಕಾಣಿಸಿಕೊಂಡರೆ ಅದನ್ನು ದುರದೃಷ್ಟವೆಂದು ಬಿಡದೆ, ಆತನ ಪೂರಕವನ್ನೂ ಒಡಹುಟ್ಟಿದವರ ಪೂರಕವನ್ನೂ ಪರೀಕ್ಷಿಸುವುದು ವೈದ್ಯನ ಕರ್ತವ್ಯ. ಹಿಂದಿನವರ ಸಂಕಟದಿಂದ ದೊರೆತ ಜ್ಞಾನವು ಮುಂದಿನವರ ಪ್ರಾಣವನ್ನು ಉಳಿಸಿದಾಗಲೇ ಸಾರ್ಥಕವಾಗುತ್ತದೆ.